ದೊಡ್ಡ ಹೆಸರಿನ ಬ್ಯಾನಿ

ದಾವಲ್‌ಸಾಬ್ ಮಾಸ್ತರರಿಗೆ ಎದ್ದದ್ದು ಕಡ್ಲಿಕಾಳಿನಷ್ಟು ಗಂಟು. ಎದ್ದ ಜಾಗ ಮಾತ್ರ ನಾಲ್ಕು ಮಂದಿಯ ಮುಂದೆ ಹೇಳುವಂಥದ್ದಲ್ಲ. ಕೈಮೇಲೆ ಎದ್ದಿದ್ದರೆ ತೋರಿಸಿಕೊಂಡು ತಿರುಗಬಹುದಿತ್ತು. ಬೆನ್ನ ಮೇಲೆ ಎದ್ದಿದ್ದರೂ ಅಂಗಿ ಎತ್ತಿ "ನೋಡ್ರಿ ನನ್ನ ಗತಿ" ಅನ್ನಬಹುದಿತ್ತು. ಇದು ಎದ್ದದ್ದು ಕೂಡುವ ಜಾಗದಲ್ಲಿ. ಸ್ವಚ್ಛ ಕನ್ನಡದಲ್ಲಿ ಮೂಲವ್ಯಾಧಿ, ಮಸ್ಕಿ ಮಂದಿಯ ಬಾಯಲ್ಲಿ ಪೈಲ್ಸು.

ಬ್ಯಾನಿಗಿಂತ ಮಾಸ್ತರರು ಹೆದರಿದ್ದು ಅದರ ಹೆಸರಿಗೆ. ಮಸ್ಕಿಯಲ್ಲಿ ಮಂದಿ ಒಮ್ಮೆ ಒಂದು ಹೆಸರು ಅಂಟಿಸಿದರೆ ಅದು ಬಿಡುವ ಜಾತಿಯದಲ್ಲ. ಮಾಸ್ತರರ ಶಾಲೆಯಲ್ಲೇ ಹಿಂದೆ ಒಬ್ಬ ಹೆಡ್‌ಮಾಸ್ತರ್ ಇದ್ದರು. ಗಣಿತದಲ್ಲಿ ಹುಲಿ. ಒಂದು ಬ್ಯಾಸಗಿಯಲ್ಲಿ ಇದೇ ಬ್ಯಾನಿ ಬಂದು ಗಾಳಿ ತುಂಬಿದ ರಬ್ಬರ್ ಟ್ಯೂಬಿನ ಮೇಲೆ ಕೂತು ಪಾಠ ಮಾಡಿದರು, ಅಷ್ಟೇ ಅವರ ತಪ್ಪು. ಬ್ಯಾನಿ ವಾಸಿಯಾಯಿತು, ಅವರು ರಿಟೈರ್ ಆದರು, ತೀರಿಯೂ ಹೋದರು. ಇವತ್ತಿಗೂ ಆಟೋದವರು ಅವರ ಓಣಿಯನ್ನು ಟ್ಯೂಬ್ ಮಾಸ್ತರ್ ಓಣಿ ಅಂತಲೇ ಕರೆಯುತ್ತಾರೆ. ಕಲಿಸಿದ ಗಣಿತ ಒಬ್ಬನಿಗೂ ನೆನಪಿಲ್ಲ. ದಾವಲ್‌ಸಾಬರಿಗೆ ಇನ್ನೂ ಬಹಳ ಸರ್ವಿಸ್ ಉಳಿದಿತ್ತು, ಮಗಳು ನಗ್ಮಾಗೆ ಗಂಡು ನೋಡುವುದೂ ಇತ್ತು. ಆದ್ದರಿಂದ ಹೆಂಡತಿ ಗೌಸಿಯಾಳನ್ನು ಬಿಟ್ಟು ಯಾರಿಗೂ ಬಾಯಿ ಬಿಡದೆ ಹಲ್ಲು ಕಚ್ಚಿಕೊಂಡು ಓಡಾಡುತ್ತಿದ್ದರು.

ಅಂಥ ಹೊತ್ತಿನಲ್ಲಿ ಎಲೆಕ್ಷನ್ ಡ್ಯೂಟಿಯ ಆರ್ಡರ್ ಬಂತು. ಮತಗಟ್ಟೆ ಅಧಿಕಾರಿ. ಅಂದರೆ ಹಿಂದಿನ ದಿನ ತುಂಬಿದ ಬಸ್ಸಿನಲ್ಲಿ ಕುಕ್ಕರಿಸಿಕೊಂಡು ಎಲ್ಲೋ ಹಳ್ಳಿಗೆ ಹೋಗಬೇಕು, ಮರುದಿನ ಬೆಳಗಿನಿಂದ ಸಂಜೆತನಕ ಹುಡುಗರ ಬೆಂಚಿನ ಮೇಲೆ ಕೂಡಬೇಕು. ಕೂಡುವುದು ಎಂಬ ಮಾತು ಓದಿಯೇ ಮಾಸ್ತರರ ಕಣ್ಣಲ್ಲಿ ನೀರು ಬಂತು. ಓಡಿದರು ಸಿಂಧನೂರಿನ ಡಾಕ್ಟರರ ಹತ್ತಿರ.

ಡಾಕ್ಟರು ನೋಡಿ, "ಪೈಲ್ಸ್ ಅಂತ ಬರದು ಕೊಡ್ತೀನ್ರಿ. ತೋರಿಸ್ರಿ, ಡ್ಯೂಟಿ ಬಿಡ್ತಾರ" ಎಂದರು.

"ಸಾಹೇಬ್ರ, ಆ ಹೆಸರೊಂದು ಬ್ಯಾಡ್ರಿ. ಯಾರಿಗೂ ತಿಳೀಲಾರದಂಥ ದೊಡ್ಡ ಹೆಸರು ಇದ್ರ ಹಾಕ್ರಿ."

ಡಾಕ್ಟರು ನಕ್ಕು, ಇಂಗ್ಲಿಷಿನಲ್ಲಿ 'ಥ್ರಾಂಬೋಸ್ಡ್ ಹೆಮರಾಯ್ಡ್ಸ್, ಹೆಮರಾಯ್ಡೆಕ್ಟಮಿಗೆ ಸಲಹೆ' ಎಂದು ಬರೆದು ಸೀಲು ಹೊಡೆದರು. ಹೆಸರು ಕಾಗದದ ಈ ಅಂಚಿನಿಂದ ಆ ಅಂಚಿಗೆ ಹೋಯಿತು. ಅದರ ಉದ್ದ ನೋಡಿಯೇ ಮಾಸ್ತರರಿಗೆ ಅರ್ಧ ಬ್ಯಾನಿ ಇಳಿದಂತಾಯಿತು.

ಮರುದಿನ ಲಿಂಗಸುಗೂರಿನಲ್ಲಿ ಡ್ಯೂಟಿ ವಿನಾಯಿತಿಯ ವಿಚಾರಣೆ. ವಿಚಾರಣೆ ಮಾಡುವ ಎಲೆಕ್ಷನ್ ಸಾಹೇಬರು ಏನಾದರೂ ಕೇಳಿದರೆ ಬಾಯಿ ತೊದಲಬಾರದಲ್ಲ. ಅಕ್ಕನ ಮಗಳು ಆರ್ಜೂ ಇವರ ಮನೆಯಲ್ಲೇ ಇದ್ದು ಸಿಂಧನೂರಿಗೆ ನರ್ಸಿಂಗ್ ಕಲಿಯಲು ಹೋಗುತ್ತಿದ್ದಳು. ಬೆಳಿಗ್ಗೆ ಅವಳನ್ನು ಅಡುಗೆಮನೆ ಬಾಗಿಲಲ್ಲಿ ಹಿಡಿದರು. ಮೊದಲು ಯಾರಿಗೂ ಹೇಳುವುದಿಲ್ಲ ಅಂತ ಕಸಮ್ ಹಾಕಿಸಿಕೊಂಡರು, ಆಮೇಲೆ ಸರ್ಟಿಫಿಕೇಟ್ ತೋರಿಸಿದರು.

"ಹೆಸರು ನೋಡಿ ಹೆದರಬ್ಯಾಡ್ರಿ ಮಾಮು" ಅಂದಳು ಆರ್ಜೂ. "ಇವೆಲ್ಲ ಜೋಡಿಸಿದ ತುಣುಕು. ಮೊದಲು ಬಾಲ ಹಿಡೀಬೇಕು. ಬಾಲದಾಗ ಐಟಿಸ್ ಬಂದ್ರ ಬಾವು. ಆಲ್ಜಿಯಾ ಬಂದ್ರ ನೋವು. ಎಕ್ಟಮಿ ಬಂದ್ರ ಕೊಯ್ದು ತೆಗೆಯೋದು. ತಲೀ ಕಡೆ ಹೆಮೋ ಇದ್ರ ರಕ್ತ, ಥ್ರಾಂಬೋ ಇದ್ರ ಹೆಪ್ಪು."

ಮಗ್ಗಿ ಕಲಿಯುವ ಹುಡುಗನ ಹಾಗೆ ಮಾಸ್ತರರು ಗೋಡೆ ಹಿಡಿದು ನಿಂತೇ ಬಾಯಿಪಾಠ ಮಾಡಿದರು. ಐಟಿಸ್ ಬಾವು, ಆಲ್ಜಿಯಾ ನೋವು, ಎಕ್ಟಮಿ ಕೊಯ್ದು ತೆಗೆಯೋದು. ದನಿ ಸ್ವಲ್ಪ ಏರಿತು. ಆಗಲೇ ಪಕ್ಕದ ಮನೆಯ ಗುಲ್ಷನ್‌ಬೀ ಒಂದು ಬಟ್ಟಲು ಸಕ್ಕರೆ ಕೇಳುವ ನೆಪದಲ್ಲಿ ಒಳಗೆ ಬಂದಳು. ಆ ಓಣಿಯಲ್ಲಿ ಯಾರ ಮನೆಯ ಸುದ್ದಿಯೂ ಅವಳ ಮನೆ ದಾಟದೆ ಮುಂದೆ ಹೋದದ್ದಿಲ್ಲ. ಅವಳ ಬೆನ್ನಿಗೇ ಶಾಲೆಯ ಭೀಮೇಶ ಸರ್ ಬಂದ. ಲಿಂಗಸುಗೂರಿಗೆ ಜೊತೆಗೆ ಹೋಗಲೆಂದು ಬಂದವನು. ಒಳ್ಳೆಯ ಮನುಷ್ಯ. ಉಪಕಾರ ಮಾಡಲು ಹೊರಟನೆಂದರೆ ಮಾಡಿಸಿಕೊಂಡವರು ಚೇತರಿಸಿಕೊಳ್ಳಲು ವಾರ ಬೇಕು.

ಬಾಗಿಲಲ್ಲೇ ಅರ್ಧಂಬರ್ಧ ಕೇಳಿಸಿಕೊಂಡಿದ್ದ ಗುಲ್ಷನ್‌ಬೀ ಕಾಗದಕ್ಕೆ ಬೆರಳು ಮಾಡಿ, "ಏನಿದು ಬೇಟಿ? ಹೆಮೋ ಅಂದ್ರ ಏನು?" ಎಂದಳು.

ಆರ್ಜೂ ಕಸಮ್ ಹಾಕಿದ್ದಳು, ಸುಳ್ಳು ಹೇಳುವ ಹುಡುಗಿಯೂ ಅಲ್ಲ. "ರಕ್ತ, ಖಾಲಾ."

"ಈ ಕಡೀದು, ಎಕ್ಟಮಿ?"

"ತೆಗೆಯೋದು."

ನಡುವಿನದನ್ನು ಹುಡುಗಿ ನುಂಗಿಕೊಂಡಳು. ಗುಲ್ಷನ್‌ಬೀ ತಲೆಯನ್ನೂ ಬಾಲವನ್ನೂ ತಾನೇ ಜೋಡಿಸಿ ಎದೆ ಮೇಲೆ ಕೈ ಇಟ್ಟುಕೊಂಡಳು. "ಯಾ ಅಲ್ಲಾ, ಮೈಯಾಗಿನ ರಕ್ತ ಎಲ್ಲಾ ತೆಗೀತಾರಂತ."

ಭೀಮೇಶ ಸರ್ಟಿಫಿಕೇಟಿನ ಜೊತೆಗಿದ್ದ ಔಷಧಿ ಚೀಟಿಯನ್ನೂ ಕಸಿದುಕೊಂಡು ಓದಿದ. "ಸರ್, ಇಲ್ಲಿ ಟಿ.ಡಿ.ಎಸ್ ಅಂತ ಐತಿ. ಬ್ಯಾನಿಗೂ ಟ್ಯಾಕ್ಸ್ ಹಿಡೀತಾರೇನ್ರಿ?"

"ದಿನಕ್ಕ ಮೂರು ಸಲ ಗುಳಿಗಿ ತಗೋಬೇಕಂತ ಅದು" ಅಂದಳು ಆರ್ಜೂ.

"ಓ.ಡಿ ಅಂತನೂ ಐತಲ್ಲವಾ. ಡಾಕ್ಟ್ರೇ ಆನ್ ಡ್ಯೂಟಿ ಅಂತ ಬರದಮ್ಯಾಲ ಡ್ಯೂಟಿ ಹೆಂಗ ಬಿಡ್ತಾರ?"

"ಅದು ದಿನಕ್ಕ ಒಂದು ಸಲ ಅಂತ್ರಿ."

"ಮುಚ್ಚಿಡಾಕತ್ತೀರಿ" ಎಂದು ಭೀಮೇಶ ಮಾಸ್ತರರ ಕೈ ಹಿಡಿದುಕೊಂಡ. "ಇಷ್ಟು ದೊಡ್ಡ ಬ್ಯಾನಿ ಇಟ್ಕೊಂಡು ಒಂದು ಮಾತು ಹೇಳಿಲ್ಲಲ್ಲ ಸರ್ ನಮಗ." ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿದ್ದವು. ಮಾಸ್ತರರು ಇಲ್ಲ ಎನ್ನಲು ಬಾಯಿ ತೆರೆದರು. ಅದಲ್ಲದಿದ್ದರೆ ಮತ್ತೆ ಯಾವುದು ಅಂತ ಕೇಳಿದರೆ ಏನು ಹೇಳುವುದು? ಬಾಯಿ ಮುಚ್ಚಿದರು. ಅತ್ತ ದರಿ, ಇತ್ತ ಪುಲಿ.

ಅಷ್ಟರಲ್ಲಿ ಗುಲ್ಷನ್‌ಬೀ ತನ್ನ ಮನೆಗೆ ಓಡಿಹೋಗಿ ಒಂದು ತಾಟು ಕಲೇಜಿ ಸಾಲನ್, ಅಂದರೆ ಕುರಿ ಲಿವರಿನ ಖಾರದ ಸಾರು, ತಂದಳು. ಕಲೇಜಿ ತಿಂದರೆ ರಕ್ತ ಹೆಚ್ಚುತ್ತದಂತೆ. ಮೇಲೆ ಕೆಂಪಗೆ ಎಣ್ಣೆ ತೇಲುತ್ತಿತ್ತು. ಖಾರ ಮುಟ್ಟಬೇಡಿ ಅಂತ ಡಾಕ್ಟರು ಎರಡೆರಡು ಸಲ ಹೇಳಿದ್ದರು. "ನನ್ನ ಕಣ್ಣ ಮುಂದ ತಿನ್ನು ದಾವಲ್" ಅಂತ ಗುಲ್ಷನ್‌ಬೀ ಸೊಂಟದ ಮೇಲೆ ಕೈ ಇಟ್ಟು ನಿಂತಳು. ಮಾಸ್ತರರು ತಿಂದರು. ಪ್ರತಿ ತುತ್ತು ಮುಂದೆ ಎಲ್ಲಿ ಲೆಕ್ಕ ಕೇಳುತ್ತದೆಂದು ಅವರಿಗೆ ಗೊತ್ತಿತ್ತು. ಈ ಕಡೆ ಭೀಮೇಶ ಶಿಕ್ಷಕರ ಗ್ರೂಪಿಗೆ ವಾಟ್ಸಾಪ್ ಹಾಕಿದ್ದ: 'ನಮ್ಮ ದಾವಲ್‌ಸಾಬ್ ಸರ್ ಅವರಿಗೆ ರಕ್ತದ ದೊಡ್ಡ ಆಪರೇಷನ್ ಇದೆ. ರಕ್ತ ಕೊಡುವವರು ಲಿಂಗಸುಗೂರಿಗೆ ಬರಬೇಕಾಗಿ ವಿನಂತಿ.'

ಬಸ್ಸಿನಲ್ಲಿ ಮಾಸ್ತರರು ಕಂಬಿ ಹಿಡಿದು ನಿಂತುಕೊಂಡರು. ಭೀಮೇಶ ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿದ.

"ಕುಂದರ್ರಿ ಮಾಸ್ತರ್" ಅಂದ ಕಂಡಕ್ಟರ್.

"ಇರಲಿ ಬಿಡಪ, ನಿಂದರ್ತೀನಿ."

"ಮೈಯಾಗ ರಕ್ತ ಇಲ್ಲದವ್ರು ನಿಂದ್ರಬಾರದ್ರಿ. ಬಿದ್ರ ನನ್ನ ನೌಕರಿ ಹೋಗ್ತೈತಿ." ಇಬ್ಬರು ಗಟ್ಟಿಮುಟ್ಟು ರೈತರು ಎದ್ದು, ಮಾಸ್ತರರ ಎರಡೂ ಹೆಗಲು ಹಿಡಿದು ತಮ್ಮ ಸೀಟಿನಲ್ಲಿ ಒತ್ತಿ ಕೂಡಿಸಿದರು. ಹಿಂದಿನ ಗಾಲಿಯ ಮೇಲಿನ ಸೀಟು. ಲಿಂಗಸುಗೂರು ಬರುವತನಕ ರಸ್ತೆಯ ಒಂದೊಂದು ಉಬ್ಬನ್ನೂ ಮಾಸ್ತರರು ಬೇರೆಬೇರೆಯಾಗಿ ಗುರುತಿಸಿದರು. ಸತ್ತರೆ ಸಾಕು ಅನ್ನಿಸಿತು. ಸತ್ತರೂ ಮಂದಿ ಕಾರಣ ಕೇಳುತ್ತಾರಲ್ಲ ಅಂತ ನೆನಪಾಗಿ ಅದನ್ನೂ ಬಿಟ್ಟರು.

ವಿಚಾರಣೆ ಇದ್ದದ್ದು ಒಂದು ಮದುವೆ ಹಾಲಿನಲ್ಲಿ. ವೇದಿಕೆಯ ಮೇಲೆ ಹಿಂದಿನ ದಿನದ 'ಶುಭವಿವಾಹ' ಅಕ್ಷರಗಳು ಹಾಗೇ ಇದ್ದವು, ಅವುಗಳ ಕೆಳಗೆ ಸಾಹೇಬರು ವರನ ಹಾಗೆ ಕೂತಿದ್ದರು. ಬಾಗಿಲಲ್ಲೇ ಏಳೆಂಟು ಜನ ಶಿಕ್ಷಕರು ಅಂಗಿಯ ತೋಳು ಮಡಚಿಕೊಂಡು ರಕ್ತ ಕೊಡಲು ಸಿದ್ಧವಾಗಿ ನಿಂತಿದ್ದರು. ಮಾಸ್ತರರನ್ನು ಕಂಡದ್ದೇ ತಡ, ಒಬ್ಬ ಓಡಿಹೋಗಿ ಕಬ್ಬಿಣದ ಕುರ್ಚಿ ತಂದ. "ಕುಂದರ್ರಿ ಸರ್, ದಣೀಬ್ಯಾಡ್ರಿ." ಇಷ್ಟು ಪ್ರೀತಿಯ ಜನ ತನಗಿದ್ದಾರೆಂದು ಮಾಸ್ತರರಿಗೆ ಅಲ್ಲಿತನಕ ತಿಳಿದಿರಲಿಲ್ಲ. ಕಣ್ಣೀರು ಬಂತು, ಎಲ್ಲರೂ ಅದನ್ನು ಕೃತಜ್ಞತೆ ಅಂತ ತಿಳಿದುಕೊಂಡರು.

ಸರದಿ ಬಂತು. ಸಾಹೇಬರ ಪಕ್ಕದಲ್ಲಿ ಹೊರರಾಜ್ಯದಿಂದ ಹೊಸದಾಗಿ ಬಂದ ಡಾಕ್ಟರ್ ಮೇಡಂ ಇದ್ದರು. ಸರ್ಟಿಫಿಕೇಟ್ ನೋಡಿ "ಸರಿ ಇದೆ, ಬಿಡಬಹುದು" ಎಂದರು.

ಸಾಹೇಬರು ಪೆನ್ನು ಕೆಳಗಿಟ್ಟರು. "ಬಿಡೋದು ಖರೆ ಮೇಡಂ, ಕಾರಣ ಏನಂತ ಬರೀಲಿ? ಜಿಲ್ಲಾದವರು ಎಲ್ಲಾ ಕನ್ನಡದಾಗೇ ಕೇಳ್ಯಾರ. ಮೊನ್ನೆ ಕಳಿಸಿದ್ದೆಲ್ಲಾ ವಾಪಸ್ ಬಂದೈತಿ."

ಮೇಡಂ ಕನ್ನಡಕ್ಕಾಗಿ ತಡಕಾಡಿದರು. "ಇದು... ಹಿಂದೆ... ಕೂತ್ಕೊಳ್ಳುವ..." ಎನ್ನುತ್ತ ಕೈ ಎತ್ತಿ ಜಾಗ ತೋರಿಸಲು ಹೊರಟರು.

ಮಾಸ್ತರರ ಜೀವ ಬಾಯಿಗೆ ಬಂತು. "ನಾ ಹೇಳ್ತೀನ್ರಿ ಸಾಹೇಬ್ರ" ಎಂದು ಮುಂದೆ ನುಗ್ಗಿದರು. "ಥ್ರಾಂಬೋ ಅಂದ್ರ ಹೆಪ್ಪು, ಹೆಮೋ ಅಂದ್ರ ರಕ್ತ, ಎಕ್ಟಮಿ ಅಂದ್ರ ಕೊಯ್ದು ತೆಗೆಯೋದು. ಹೆಪ್ಪುಗಟ್ಟಿದ ರಕ್ತನಾಳದ ಊತ, ಶಸ್ತ್ರಚಿಕಿತ್ಸೆಗೆ ಯೋಗ್ಯ ಅಂತ ಬರ್ಕೊಳ್ರಿ."

ಸಾಹೇಬರು ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿದರು. ಮುಂದಿದ್ದ ಕಟ್ಟಿನಿಂದ ಇನ್ನೊಂದು ಸರ್ಟಿಫಿಕೇಟ್ ಎಳೆದರು. "ಇದು? ಗ್ಯಾಸ್ಟ್ರೈಟಿಸ್."

"ಬಾಲದಾಗ ಐಟಿಸ್ ಐತ್ರಿ. ಹೊಟ್ಟಿ ಬಾವು."

"ನ್ಯೂರಾಲ್ಜಿಯಾ?"

ತಲೆ ಯಾವುದೆಂದು ಮಾಸ್ತರರಿಗೆ ಗೊತ್ತಿರಲಿಲ್ಲ, ಬಾಲ ಗೊತ್ತಿತ್ತು. "ನೋವ್ರಿ. ಒಳಗ ಎಲ್ಲೋ."

ಮೇಡಂ ಹೌದೆಂದು ತಲೆಯಾಡಿಸಿದರು. ಸಾಹೇಬರ ಮುಖ ಅರಳಿತು. ಮಾಸ್ತರರ ಅರ್ಜಿಯ ಮೇಲೆ ಅಲ್ಲೇ ಸಹಿ ಹಾಕಿ, "ನಿಮ್ಮ ಬೂತ್ ಡ್ಯೂಟಿ ಕ್ಯಾನ್ಸಲ್" ಎಂದರು. ಮಾಸ್ತರರು ಕೈಮುಗಿದು ತಿರುಗಿದರು. ಬಾಗಿಲು ಕಾಣುತ್ತಿತ್ತು.

"ಎಲ್ಲಿ ಹೊಂಟ್ರಿ? ನಿಮ್ಮಂಥವರನ್ನೇ ಹುಡುಕಾಕತ್ತಿದ್ದೆ. ಈ ಅರ್ಜಿ ಎಲ್ಲಾ ಕನ್ನಡ ಆಗಬೇಕು. ಎಲೆಕ್ಷನ್ ಮುಗಿಯೋತನಕ ನಿಮ್ಮ ಡ್ಯೂಟಿ ಇಲ್ಲೇ. ಬಿಸಿಲಿಲ್ಲ, ಓಡಾಟ ಇಲ್ಲ. ಬೆಳಿಗ್ಗೆ ಬಂದು ಕುಂತ್ರ ಸಂಜೀತನಕ ಏಳೋದೇ ಬ್ಯಾಡ."

ಭೀಮೇಶ ಆ ಕಬ್ಬಿಣದ ಕುರ್ಚಿಯನ್ನೇ ಎತ್ತಿಕೊಂಡು ಬಂದು ವೇದಿಕೆಯ ಮೇಲೆ ಇಟ್ಟ.

ಒಂದು ಮಾತು ಹೇಳಿದ್ದರೆ ಅಲ್ಲೇ ಬಿಡುಗಡೆಯಾಗುತ್ತಿತ್ತು. ಆ ಮಾತು ಮಾಸ್ತರರ ಗಂಟಲತನಕ ಬಂತು, ಹಾಲಿನ ತುಂಬ ಇದ್ದ ಶಿಕ್ಷಕರ ಮುಖ ನೋಡಿ ಹಿಂದೆ ಹೋಯಿತು. ಕೂತರು. ಮುಂಜಾನೆಯ ಕಲೇಜಿ ಕೆಲಸ ಶುರು ಮಾಡಿತ್ತು. ಹಲ್ಲು ಕಚ್ಚಿ ಒಂದೊಂದೇ ಅರ್ಜಿ ಬರೆದರು. ಊರಿನ ಮಂದಿಯ ಬಾವು, ನೋವು, ಕೊಯ್ದು ತೆಗೆದದ್ದು ಎಲ್ಲವೂ ಅವರ ದುಂಡನೆಯ ಅಕ್ಷರದಲ್ಲಿ ಚೆಂದ ಕನ್ನಡವಾಯಿತು. ತನ್ನದೊಂದನ್ನು ಮಾತ್ರ ಯಾರಿಗೂ ತಿಳಿಯದಂತೆ ಉಳಿಸಿಕೊಂಡೆನಲ್ಲ ಅಂತ ಆ ಉರಿಯಲ್ಲೂ ಒಂದು ಸಮಾಧಾನವಿತ್ತು.

ಇಳಿಹೊತ್ತಿಗೆ ಸಾಹೇಬರು ಬರೆದದ್ದನ್ನೆಲ್ಲ ಓದಿದರು. "ಎಲ್ಲಾರದೂ ತಿಳೀತೈತಿ ಮಾಸ್ತರ್, ನಿಮ್ಮದೊಂದೇ ತಿಳೀವಲ್ದು. ಜಿಲ್ಲಾದವರು ಹಿಂದಕ್ಕ ಒಗೀತಾರ. ಮೇಡಂ, ಇದಕ್ಕ ಸಾದಾ ಹೆಸರು ಏನರ ಐತೇನ್ರಿ?"

ಡಾಕ್ಟರ್ ಮೇಡಂ ಚಹಾ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು. ಊರೂರಿನ ಬೋರ್ಡು, ಗೋಡೆಬರಹ ಓದಿಯೇ ಅವರು ಕನ್ನಡ ಕಲಿಯುತ್ತಿದ್ದದ್ದು. ಎದುರಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಒಂದು ಜಾಹೀರಾತು ಬರೆದಿತ್ತು. ಮೇಡಂ ಖುಷಿಯಿಂದ ಅದಕ್ಕೆ ಬೆರಳು ಮಾಡಿ, ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಗಟ್ಟಿಯಾಗಿ ಕೂಡಿಸಿ ಓದಿದರು. "ಮೂ, ಲ, ವ್ಯಾ, ಧಿ. ಅದೇ ಇದು ಸರ್, ಕೆಳಗೆ ಇಂಗ್ಲಿಷಲ್ಲೂ ಬರೆದಿದೆ."

ಹಾಲಿನಲ್ಲಿದ್ದವರೆಲ್ಲ ಗೋಡೆ ನೋಡಿದರು. ಆಮೇಲೆ ಕಬ್ಬಿಣದ ಕುರ್ಚಿ ನೋಡಿದರು. ಆಮೇಲೆ ಕುರ್ಚಿಯ ಮೇಲಿದ್ದವರನ್ನು ನೋಡಿದರು. ರಕ್ತ ಕೊಡಲು ಬಂದವರು ಮಡಚಿದ ತೋಳನ್ನು ಮೆಲ್ಲಗೆ ಇಳಿಸಿಕೊಂಡರು.

"ಪಾಪ, ಮೊದಲೇ ಹೇಳಬಾರದೇನ್ರಿ" ಎಂದು ಸಾಹೇಬರು ಮರುಗಿದರು. "ನಿಮ್ಮ ಇಲ್ಲಿನ ಡ್ಯೂಟಿ ಆರ್ಡರ್ ಆಗಲೇ ಜಿಲ್ಲಾಕ್ಕ ಹೋಗಿಬಿಟ್ಟೈತಿ, ಬದಲಿ ಮಾಡಾಕ ಬರಂಗಿಲ್ಲ. ಗಾಬರಿ ಆಗಬ್ಯಾಡ್ರಿ, ನಾಳೆಯಿಂದ ಗಾಳಿ ತುಂಬೋ ಟ್ಯೂಬ್ ಒಂದು ತಂದು ಅದರ ಮ್ಯಾಲ ಕುಂದರ್ರಿ."

ಭೀಮೇಶ ನಾಳೆಯತನಕ ಕಾಯುವ ಮನುಷ್ಯನೇ ಅಲ್ಲ. ಮಾಸ್ತರರು ವೇದಿಕೆ ಇಳಿಯುವುದರೊಳಗೆ ಔಷಧಿ ಅಂಗಡಿಗೆ ಹೋಗಿ ಟ್ಯೂಬ್ ತಂದು, ತನ್ನ ಉಸಿರಿನಿಂದಲೇ ಗಾಳಿ ತುಂಬಿ ಅವರ ಹೆಗಲಿಗೆ ಹಾಕಿದ. ಮುಂಜಾನೆಯ ತಪ್ಪನ್ನೂ ತಿದ್ದಿಕೊಂಡ. ಮಾಸ್ತರರ ಜೇಬಿನಲ್ಲಿ ಫೋನ್ ಗುಂಯ್ ಎಂದಿತು: 'ರಕ್ತ ಬೇಕಾಗಿಲ್ಲ. ದಾವಲ್‌ಸಾಬ್ ಸರ್ ಅವರಿಗೆ ಇರುವುದು ಬರೀ ಪೈಲ್ಸ್. ಯಾರೂ ಗಾಬರಿಯಾಗಬಾರದು. ದಯವಿಟ್ಟು ಎಲ್ಲಾ ಗ್ರೂಪಿಗೂ ಕಳಿಸಿರಿ.'

ಮಸ್ಕಿಯ ಬಸ್ಸು ನಿಂತಿತ್ತು. ಅದೇ ಕಂಡಕ್ಟರ್. ಮಾಸ್ತರರು ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಟ್ಯೂಬ್ ಹಿಡಿದು ಫುಟ್‌ಬೋರ್ಡ್ ಹತ್ತಿದರು. ಈ ಸಲ ಯಾರೂ ಎದ್ದು ಸೀಟು ಕೊಡಲಿಲ್ಲ, ಯಾರೂ ಹೆಗಲು ಹಿಡಿದು ಕೂಡಿಸಲಿಲ್ಲ. ಕಂಡಕ್ಟರ್ ಟ್ಯೂಬ್ ನೋಡಿದ, ಮಾಸ್ತರರ ಮುಖ ನೋಡಿದ, ಮುಂದೆ ತಿರುಗಿ ಡ್ರೈವರನಿಗೆ ಕೂಗಿದ.

"ಟ್ಯೂಬ್ ಮಾಸ್ತರ್ ಹತ್ಯಾರ. ರೈಟ್, ಹೋಗೂನು."