ಸೋದರಮಾವನ ಜಪಾನಿ ಗಾಡಿ

ಯಂತ್ರ ಕೆಟ್ಟು ನಿಂತಾಗ ಮನುಷ್ಯನ ನಿಜವಾದ ಸ್ವಭಾವ ಹೊರಗೆ ಬರುತ್ತದೆಂದು ನನ್ನ ನಂಬಿಕೆ. ಕೆಲವರು ಯಂತ್ರವನ್ನು ಒದೆಯುತ್ತಾರೆ, ಕೆಲವರು ಕೈಮುಗಿಯುತ್ತಾರೆ, ಕೆಲವರು ಹತ್ತಿರದಲ್ಲಿದ್ದ ಹೆಂಡತಿಯ ಮೇಲೆ ರೇಗುತ್ತಾರೆ. ನಾನು ಈ ಯಾವ ಗುಂಪಿಗೂ ಸೇರಿದವನಲ್ಲ. ನಾನು ವಿವರಿಸುತ್ತೇನೆ. ಇಂಡಿ ಎಂಬ ತಾಲೂಕು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಾದ್ದರಿಂದ ಕೆಟ್ಟ ವಸ್ತುವೊಂದು ಕಣ್ಣಿಗೆ ಬಿದ್ದರೆ ಸಾಕು, ನನ್ನ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಸ್ಟೋವ್ ಹತ್ತದಿದ್ದರೆ ಪಿನ್ನು ಹಾಕುವ ಮೊದಲು ಅದು ಏಕೆ ಹತ್ತುತ್ತಿಲ್ಲವೆಂದು ಹೆಂಡತಿಗೆ ತಿಳಿಸಿ ಹೇಳುತ್ತೇನೆ. ನಾನು ಮುಗಿಸುವುದರೊಳಗೆ ಅವಳು ಕಟ್ಟಿಗೆ ಒಲೆ ಹೊತ್ತಿಸಿ ಚಹಾ ಕುದಿಸಿರುತ್ತಾಳೆ. ಎಣ್ಣೆ ಡಬ್ಬಕ್ಕೆ ಒಂದು ತೂತು ಹೊಡೆದರೆ ಎಣ್ಣೆ ಏಕೆ ಸರಾಗವಾಗಿ ಬೀಳುವುದಿಲ್ಲ, ಎರಡನೆಯ ತೂತು ಹೊಡೆದೊಡನೆ ಏಕೆ ಬೀಳುತ್ತದೆ ಎಂಬುದು ನನ್ನ ಅಚ್ಚುಮೆಚ್ಚಿನ ಪಾಠ. ಒಳಗೆ ಗಾಳಿ ಹೋಗದೆ ಹೊರಗೆ ಎಣ್ಣೆ ಬರಲಾರದು ಎಂದು ಪ್ರತಿವರ್ಷ ಡಬ್ಬ, ಮೊಳೆ, ಸುತ್ತಿಗೆ ಹಿಡಿದುಕೊಂಡೇ ತರಗತಿಗೆ ಹೋಗುತ್ತಿದ್ದೆ. ಈಗ ಆ ಪಾಠ ಬಂದರೆ ಡಬ್ಬ ಒಯ್ಯುವುದಿಲ್ಲ. ಪುಸ್ತಕದಲ್ಲಿದ್ದಷ್ಟು ಓದಿಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇನೆ. ಅದಕ್ಕೆ ಕಾರಣ ಒಂದು ಗಾಡಿ.

ಗಾಡಿ ನನ್ನ ಸೋದರಮಾವನದು. ಅವ್ವನ ಒಬ್ಬನೇ ಅಣ್ಣ. ಮದುವೆಯಾಗದೆ ಮುಂಬಯಿಯ ಹಡಗಿನ ಆಫೀಸೊಂದರಲ್ಲಿ ಗುಮಾಸ್ತಿಕೆ ಮಾಡಿಕೊಂಡಿದ್ದ. ಅಲ್ಲಿನ ಪರದೇಶದ ಸಾಹೇಬನೊಬ್ಬ ತನ್ನ ಊರಿಗೆ ಮರಳುವಾಗ ತನ್ನ ಹಳೆಯ ಜಪಾನಿ ಕಾರನ್ನು ಮಾವನ ಕೊರಳಿಗೆ ಕಟ್ಟಿಹೋದ. ಅದು ಸಾಮಾನ್ಯ ಕಾರಲ್ಲ, ಪಂದ್ಯಕ್ಕೆ ಓಡಿಸುವಂಥದು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡು ಕಾರ್ಬುರೇಟರು. ಎಷ್ಟು ತಗ್ಗೆಂದರೆ ಒಳಗೆ ಕೂತವರಿಗೆ ಎದುರು ಬರುವ ಎಮ್ಮೆಯ ಹೊಟ್ಟೆ ಮಾತ್ರ ಕಾಣುತ್ತಿತ್ತು. ಮಾವ ತೀರಿಕೊಳ್ಳುವ ಮುಂಚೆ, ಗಾಡಿ ನಿನ್ನ ಹತ್ತಿರ ಇರಲಿ, ನನ್ನ ತಂಗಿಯರಿಬ್ಬರೂ ಇದರಲ್ಲಿ ಕೂತು ತಿರುಗಾಡಲಿ ಎಂದು ನನಗೆ ಹೇಳಿದ್ದ. ಒಬ್ಬ ತಂಗಿ ನನ್ನ ಅವ್ವ. ಇನ್ನೊಬ್ಬಳು ಅವ್ವನ ಅಕ್ಕ, ನನ್ನ ದೊಡ್ಡವ್ವ. ಅವಳಿದ್ದದ್ದು ಬಸವನ ಬಾಗೇವಾಡಿಯಲ್ಲಿ. ಗಾಡಿ ಇಂಡಿಗೆ ಬಂದ ಸುದ್ದಿ ಮುಟ್ಟಿದೊಡನೆ ಅಲ್ಲಿಂದ ಬಂದವರ ಕೈಯಲ್ಲಿ ದೊಡ್ಡವ್ವ ಹೇಳಿಕಳಿಸಿದಳು: ಅಣ್ಣನ ಗಾಡಿಯಲ್ಲಿ ಒಮ್ಮೆ ಕೂಡಬೇಕು, ಅಕ್ಕತಂಗಿ ಕೂಡಿ ಮುದ್ದೇಬಿಹಾಳದ ತನಕ ಹೋಗಿ ತವರಿನ ಓಣಿಯಲ್ಲಿ ಇಳಿಯಬೇಕು. ಇಬ್ಬರಿಗೂ ಆಗಲೇ ವಯಸ್ಸಾಗಿತ್ತು. ಇದಕ್ಕಿಂತ ದೊಡ್ಡ ಆಸೆ ಇಬ್ಬರಿಗೂ ಇರಲಿಲ್ಲ.

ಪೆಟ್ರೋಲ್ ಇದ್ದಕ್ಕಿದ್ದಂತೆ ತುಟ್ಟಿಯಾಗಿದ್ದ ಕಾಲ ಅದು. ಗಾಡಿ ನಿಲ್ಲಿಸಿದ ಪಡಸಾಲೆಯ ಪಕ್ಕದ ಚಪ್ಪರದಲ್ಲಿ ಸದಾ ಪೆಟ್ರೋಲಿನ ವಾಸನೆ. ಒಂದು ದಿನ ಊಟಕ್ಕೆ ಕೂತಾಗ ಅವ್ವ, ಇದೇಕೆ ಹೀಗೆ ನಾರುತ್ತದೆ ಎಂದು ಕೇಳಿದಳು. ಕೇಳಬಾರದಾಗಿತ್ತು. ರೊಟ್ಟಿ ಮುರಿಯುವುದನ್ನು ಬಿಟ್ಟು, ಪೆಟ್ರೋಲ್ ಹೇಗೆ ಕಾಣದಂತೆ ಆವಿಯಾಗಿ ಹಾರಿಹೋಗುತ್ತದೆ, ಮುಚ್ಚಳ ಸಡಿಲಿದ್ದರೆ ದುಡ್ಡೇ ಹೇಗೆ ಗಾಳಿಪಾಲಾಗುತ್ತದೆ ಎಂದು ವಿಸ್ತಾರವಾಗಿ ವಿವರಿಸಿದೆ. ಹೆಂಡತಿ ಎಂದಿನಂತೆ ಕೇಳಿಸಿಕೊಳ್ಳಲಿಲ್ಲ. ಅವ್ವ ಮಾತ್ರ ಕೈಯಲ್ಲಿನ ತುತ್ತು ಹಾಗೆಯೇ ಹಿಡಿದು ಕೇಳಿದಳು. ನನ್ನ ಇಡೀ ಸೇವಾವಧಿಯಲ್ಲಿ ಅಷ್ಟು ಲಕ್ಷ್ಯಗೊಟ್ಟು ಪಾಠ ಕೇಳಿದ ವಿದ್ಯಾರ್ಥಿ ಇನ್ನೊಬ್ಬನಿಲ್ಲ.

ಊರೊಳಗೆ ಗಾಡಿ ಬಾಣದಂತೆ ಓಡುತ್ತಿತ್ತು. ಸಾಲಿಗೆ, ಸಂತೆಗೆ, ಹೆಚ್ಚೆಂದರೆ ಊರ ಹೊರಗಿನ ಲಿಂಬೆ ತೋಟಗಳ ತನಕ. ಒಂದು ರವಿವಾರ ಅವ್ವನನ್ನು ಮುಂದೆ ಕೂಡಿಸಿಕೊಂಡು, ಅವಳ ತೊಡೆಯ ಮೇಲೆ ಅಕ್ಕನಿಗೆಂದು ಮಾಡಿದ ಶೇಂಗಾ ಹೋಳಿಗೆಯ ಗಂಟನ್ನಿಟ್ಟು, ಸಿಂದಗಿ ಮೇಲಿಂದ ಬಾಗೇವಾಡಿಗೆ ಹೊರಟೆ. ಸಿಂದಗಿ ಇನ್ನೂ ದೂರವಿರುವಾಗಲೇ ಗಾಡಿ ಕೆಮ್ಮಿತು, ಮುಗ್ಗರಿಸಿತು, ಒಂದು ಬೇವಿನ ಮರದ ಬಳಿ ನಿಂತೇ ಬಿಟ್ಟಿತು. ಪೆಟ್ರೋಲಿನ ಮುಳ್ಳು ನೋಡಿದೆ, ಟಾಕಿ ಅರ್ಧ ತುಂಬಿತ್ತು. ಅರ್ಧ ತಾಸು ಕಾಯ್ದು ಚಾಲೂ ಮಾಡಿದರೆ ಏನೂ ಆಗದವರಂತೆ ಹೊರಟಿತು. ಒಂದೆರಡು ಮೈಲಿ ಹೋಗಿ ಮತ್ತೆ ನಿಂತಿತು. ಕೊನೆಗೆ ಎದುರು ಬಂದ ಬಸ್ಸಿಗೆ ಅವ್ವನನ್ನು ಹತ್ತಿಸಿ ಮನೆಗೆ ಕಳಿಸಿದೆ. ಹೋಳಿಗೆ ನಾವೇ ತಿಂದೆವು. ಅತ್ತ ದೊಡ್ಡವ್ವ ಹಸಿರು ಇಳಕಲ್ ಸೀರೆ ಉಟ್ಟು, ದೀಪ ಹಚ್ಚುವ ಹೊತ್ತಿನ ತನಕ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳಂತೆ.

ಇಂಡಿಯಲ್ಲಿ ಜಪಾನಿ ಗಾಡಿಯ ಸಾಮಾನು ಸಿಗುವುದೆಂದರೇನು, ಜಪಾನಿನ ಹೆಸರು ಕೇಳಿದ ಮಿಸ್ತ್ರಿ ಸಿಕ್ಕರೆ ಅದೇ ದೊಡ್ಡದು. ನನಗೆ ಸಿಕ್ಕವನು ಲಾಲಸಾಬ. ಟ್ರ್ಯಾಕ್ಟರ್ ಮತ್ತು ಜೀಪು ರಿಪೇರಿಯಲ್ಲಿ ಕೈ ಪಳಗಿದವನು. ಮಾತಿನಲ್ಲಿ ನನಗೆ ಸರಿಸಾಟಿ. ನಾನು ಒಂದು ಕಾರಣ ವಿವರಿಸಿದರೆ ಅವನು ಎರಡು ವಿವರಿಸುತ್ತಿದ್ದ. ಮಾವನ ಕಾಲದಿಂದ ಗಾಡಿಯ ಜೊತೆಗೆ ಒಂದು ಜಪಾನಿ ಪುಸ್ತಕ ಬಂದಿತ್ತು. ಅಕ್ಷರ ಓದಲು ಬಾರದಿದ್ದರೂ ಚಿತ್ರಗಳಿದ್ದವಲ್ಲ. ಅದನ್ನು ಹಿಡಿದುಕೊಂಡು ನಾನು ಲಾಲಸಾಬನಿಗೆ ನಿರ್ದೇಶನ ಕೊಡುತ್ತಿದ್ದೆ. ಚಹಾ ತಂದ ಹೆಂಡತಿ ಪುಟವನ್ನು ಇಣುಕಿ ನೋಡಿ, ಗಾಲಿಗಳು ಮೇಲಕ್ಕೆ ಯಾಕಿವೆ ಎಂದು ಕೇಳುವ ತನಕ ಪುಸ್ತಕ ತಲೆಕೆಳಗಾಗಿರುವುದು ನಮ್ಮಿಬ್ಬರ ಗಮನಕ್ಕೂ ಬಂದಿರಲಿಲ್ಲ. ಲಾಲಸಾಬ ಒಂದು ದಿನ ಕೈ ಒರೆಸಿಕೊಂಡು ತೀರ್ಪು ಕೊಟ್ಟ:

"ಮಾಸ್ತರ್ರ, ಇದು ಪರದೇಶದ ಮಾಲ್ ಐತ್ರಿ. ನಮ್ಮ ಬಿಸಲಿಗೆ ತಡ್ಯಂಗಿಲ್ಲ. ಒಂದೊಂದ ತಗದು ನಮ್ಮ ಮಾಲ್ ಹಾಕೂಣ್ರಿ."

ಅವನ ತರ್ಕ ನನಗೂ ಒಪ್ಪಿಗೆಯಾಯಿತು. ಮೊದಲು ಕಿಡಿ ಕೊಡುವ ಕಾಯಿಲ್ ಹೋಯಿತು, ಅದರ ಜಾಗಕ್ಕೆ ಸೊಲ್ಲಾಪುರದ ಗುಜರಿಯಲ್ಲಿ ಸಿಕ್ಕ ಟ್ಯಾಕ್ಸಿಯದೊಂದು ಬಂತು. ಊರೊಳಗೆ ಚೆನ್ನಾಗಿ ಓಡಿತು. ಗೆದ್ದೆವೆಂದುಕೊಂಡು ಅವ್ವನನ್ನೂ ಹೊಸ ಹೋಳಿಗೆಯನ್ನೂ ಕೂಡಿಸಿಕೊಂಡು ಹೊರಟರೆ ಅದೇ ದಾರಿ, ಅದೇ ಕೆಮ್ಮು, ಅದೇ ಬೇವಿನ ಮರ. ಆಮೇಲೆ ಪೆಟ್ರೋಲ್ ಪಂಪು ಹೋಯಿತು, ಜೀಪಿನದು ಬಂತು. ಅದು ಕೂಡದಿದ್ದಾಗ ಲಾಲಸಾಬ ಸುತ್ತಿಗೆಯಿಂದ ಒಪ್ಪಿಸಿದ. ಕೊನೆಗೆ ಆ ಎರಡು ಚೆಂದದ ಕಾರ್ಬುರೇಟರುಗಳನ್ನು ಬಿಚ್ಚಿ, ಅವುಗಳ ಜಾಗದಲ್ಲಿ ಜೀಪಿನ ಒಂದೇ ಕಾರ್ಬುರೇಟರನ್ನು ಕೂಡಿಸಿದೆವು. ಆ ಗಡಿಬಿಡಿಯಲ್ಲಿ ಯಾವುದೋ ತಂತಿ ಹರಿದು ಪೆಟ್ರೋಲಿನ ಮುಳ್ಳು ಮಲಗಿಬಿಟ್ಟಿತು. ಬಿಚ್ಚಿದ ಸಾಮಾನುಗಳನ್ನು ಇಟ್ಟುಕೊಂಡೇನು ಮಾಡುವುದೆಂದು ಗುಜರಿಯವನಿಗೆ ಕೊಟ್ಟೆ. ಪಂದ್ಯದ ಗಾಡಿಗೆ ಜೀಪಿನ ದನಿ ಬಂತು, ಎತ್ತಿನ ಗಾಡಿಯ ವೇಗ ಬಂತು. ಪ್ರತಿ ರಿಪೇರಿಯ ನಂತರ ಗಾಡಿ ಸುಧಾರಿಸಿತೆಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೆವು.

ಮೂರನೆಯ ಸಲವೂ ಅದೇ ಮರದ ಬಳಿ ನಿಂತಾಗ ಅವ್ವ ಕೆಳಗಿಳಿದು, ಗಂಟನ್ನು ಎದೆಗವಚಿಕೊಂಡು, ಬಸ್ಸಿನ ದಾರಿ ನೋಡುತ್ತ ಸ್ವಲ್ಪ ದೂರ ಹೋಗಿ ನಿಂತಳು. ಗಾಡಿಗೆ ತನ್ನ ನೆರಳೂ ಸೋಕಬಾರದೆಂಬಂತೆ ನಿಂತಿದ್ದಳು. ನಾನು ಹತ್ತಿರ ಹೋದಾಗ ಮೆಲ್ಲಗೆ ಹೇಳಿದಳು:

"ನೀ ಒಬ್ಬನ ಹ್ವಾದ್ರ ಓಡತೈತಿ. ನಾ ಕುಂತಾಗ ಅಷ್ಟ ನಿಲ್ಲತೈತಿ. ರಂಡಮುಂಡಿ ಕಾಲಗುಣ ಯಪ್ಪಾ, ಗಾಡೀದೇನ ತಪ್ಪಿಲ್ಲ. ಇನ್ನ ಮ್ಯಾಲ ನಾ ಹತ್ತಂಗಿಲ್ಲ."

ವಿಧವೆಯ ಕಾಲ್ಗುಣ ಗೀಲ್ಗುಣ ಎಲ್ಲ ಸುಳ್ಳೆಂದು ಆ ಬಿಸಿಲಿನಲ್ಲಿ ನಿಂತು ವಿವರಿಸಿದೆ. ಹಾಗಾದರೆ ಯಾಕೆ ನಿಲ್ಲುತ್ತದೆ ಹೇಳು ಎಂದಳು. ನನ್ನ ವಿವರಣೆ ಅಲ್ಲಿಗೆ ಮುಗಿಯಿತು. ನಾನು ಒಬ್ಬನೇ ಹೋದಾಗ ಊರು ದಾಟುತ್ತಿರಲಿಲ್ಲ, ಅವ್ವ ಕೂತಾಗ ಮಾತ್ರ ದೂರದ ದಾರಿ ಹಿಡಿಯುತ್ತಿದ್ದೆ ಎಂಬ ಸಣ್ಣ ವ್ಯತ್ಯಾಸ ವಿಜ್ಞಾನದ ಮಾಸ್ತರನ ತಲೆಗೆ ಹೊಳೆಯಲಿಲ್ಲ. ಅವ್ವ ಅಂದಿನಿಂದ ಗಾಡಿ ಹತ್ತಲಿಲ್ಲ. ಅಮಾವಾಸ್ಯೆಗೆ ಅದನ್ನು ತೊಳೆದು ವಿಭೂತಿ ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ಅಷ್ಟರಲ್ಲಿ ಬೇಸಿಗೆ ಬಂತು, ಪರೀಕ್ಷೆಗಳು ಬಂದವು. ಒಂದು ಮಧ್ಯಾಹ್ನ ದೊಡ್ಡವ್ವ ಹೋದಳೆಂಬ ಸುದ್ದಿಯೂ ಬಂತು. ನಾವು ಬಸ್ಸಿನಲ್ಲಿ ಹೋದೆವು.

ದಿನಕರ್ಮಗಳು ಮುಗಿದ ಮೇಲೆ ಆ ಗಾಡಿಯನ್ನು ನೋಡುವುದೇ ಬೇಡವಾಯಿತು. ಸಿಂದಗಿಯಲ್ಲಿ ಒಬ್ಬ ಕೊಳ್ಳುವವನಿದ್ದಾನೆಂದು ಲಾಲಸಾಬ ಹೇಳಿದ್ದರಿಂದ ಒಬ್ಬನೇ ಹೊರಟೆ. ಬೇವಿನ ಮರ ಬಂತು, ಗಾಡಿ ನಿಂತಿತು. ಅವ್ವ ಗಾಡಿಯಲ್ಲಿರಲಿಲ್ಲ. ಮುಳ್ಳು ಸತ್ತಿದ್ದರಿಂದ ಪೆಟ್ರೋಲ್ ಇದೆಯೋ ಇಲ್ಲವೋ ನೋಡಲು ಒಂದು ಬೇವಿನ ಕಡ್ಡಿ ಮುರಿದುಕೊಂಡು, ಅದನ್ನು ಅದ್ದಿ ನೋಡೋಣವೆಂದು ಟಾಕಿಯ ಮುಚ್ಚಳ ತಿರುವಿದೆ. ಒಳಗಿನಿಂದ ಸುಯ್ಯೆಂದು ಗಾಳಿ ಎಳೆದುಕೊಂಡ ಸದ್ದು ಬಂತು. ಬಹಳ ಹೊತ್ತು ಉಸಿರು ಹಿಡಿದವರು ಬಿಟ್ಟು ಎಳೆದುಕೊಂಡಂಥ ಸದ್ದು. ಪೆಟ್ರೋಲ್ ಹಾಕಿಸುವಾಗೆಲ್ಲ ಮುಚ್ಚಳ ತೆರೆಯುತ್ತಿದ್ದವನು ಪಂಪಿನ ಹುಡುಗ, ನಾನಲ್ಲ. ಈಗ ಹೊರಳಿಸಿ ನೋಡಿದೆ. ಗಾಳಿಯಾಡಲೆಂದು ಜಪಾನಿನವರು ಇಟ್ಟ ಸಣ್ಣ ತೂತನ್ನು ಮುಚ್ಚಿಕೊಂಡು ಒಂದು ಬಿಲ್ಲೆ ಕೂತಿತ್ತು. ಹಳೆಯ ಸೈಕಲ್ ಟ್ಯೂಬನ್ನು ದುಂಡಗೆ ಕತ್ತರಿಸಿ, ಅದಕ್ಕೆ ಬಟ್ಟೆ ಹೊಲಿದ ಬಿಲ್ಲೆ. ಅದನ್ನು ಇಡೀ ಇಂಡಿ ತಾಲೂಕಿನಲ್ಲಿ ಎಲ್ಲಿ ಕಂಡರೂ ಗುರುತಿಸಬಲ್ಲೆ. ಲಿಂಬೆಕಾಯಿ ಉಪ್ಪಿನಕಾಯಿಗೆ ಗಾಳಿ ಸೋಕಿ ಬೂಸು ಹಿಡಿಯಬಾರದೆಂದು ಅವ್ವ ತನ್ನ ಭರಣಿಗಳ ಮುಚ್ಚಳಕ್ಕೆ ಕೂಡಿಸುವುದು ಅದನ್ನೇ. ಮಗನ ಪೆಟ್ರೋಲ್ ಹಾರಿಹೋಗಬಾರದೆಂದು ಅದಕ್ಕೂ ಒಂದು ಹೊಲಿದು, ತೊಳೆಯುವ ದಿನ ಕೂಡಿಸಿದ್ದಾಳೆ. ಬಿಲ್ಲೆ ತೆಗೆದು ಮುಚ್ಚಳ ಹಾಕಿ ಕೀಲಿ ತಿರುವಿದೆ. ಗಾಡಿ ಮೊದಲ ಸಲಕ್ಕೇ ಚಾಲೂ ಆಯಿತು. ಜೀಪಿನ ದನಿಯಲ್ಲಿ.

ಕೊಳ್ಳುವವನ ಕಡೆ ಹೋಗದೆ ತಿರುಗಿ ಬಂದೆ. ದಾರಿಯುದ್ದಕ್ಕೂ ಅವ್ವನಿಗೆ ಏನು ಹೇಳಲೆಂಬ ಯೋಚನೆ. ನಿನ್ನ ಕಾಲ್ಗುಣವಲ್ಲ, ನಿನ್ನ ಬಿಲ್ಲೆ ಎಂದರೆ ಏನಾದೀತು? ಅಕ್ಕ ಗಾಡಿ ಹತ್ತದೆ ಹೋದದ್ದು ತನ್ನ ಕೈಯಿಂದಲೇ ಎಂದು ಅವಳು ಕೊನೆಯ ತನಕ ಕೊರಗುತ್ತಾಳೆ. ಅವ್ವ ಚಪ್ಪರದಲ್ಲೇ ನಿಂತಿದ್ದಳು. ಏನಾಗಿತ್ತಪ್ಪಾ ಗಾಡಿಗೆ ಎಂದು ಕೇಳಿದಳು. ಜಪಾನಿನ ಒಂದು ಸಾಮಾನು ಕೆಟ್ಟಿತ್ತು, ತೆಗೆದೆ ಎಂದೆ. ಜೀವಮಾನದಲ್ಲೇ ನಾನು ಕೊಟ್ಟ ಅತಿ ಚಿಕ್ಕ ವಿವರಣೆ ಅದು.

"ಹಂಗಾದ್ರ ನಾ ಅಲ್ಲ?" ಎಂದಳು.

ನೀನಲ್ಲ ಎಂದೆ. ಅವಳು ಗಾಡಿಯ ಬೆನ್ನ ಮೇಲೆ ಕೈಯಾಡಿಸಿದಳು. "ಅಕ್ಕ ಇದ್ದಾಗ ಇದು ತಿಳದಿತ್ತಂದ್ರ" ಎಂದವಳು ಮಾತು ಮುಗಿಸದೆ ಒಳಗೆ ಹೋದಳು.

ಸುಳ್ಳಿನ ತೊಂದರೆಯೇನೆಂದರೆ ಅದನ್ನು ದಿನಾ ಸಾಕಬೇಕು. ಮುಂದಿನ ಅಮಾವಾಸ್ಯೆಗೆ ಗಾಡಿ ತೊಳೆಯುವಾಗ ಅವ್ವ ಮುಚ್ಚಳ ತೆಗೆದು ನೋಡಿ, ಬಿಲ್ಲೆ ಇಲ್ಲದ್ದು ಕಂಡು ಹೊಸದೊಂದನ್ನು ಕೂಡಿಸಿದಳು. ನಾನು ಅದನ್ನು ಗುಟ್ಟಾಗಿ ತೆಗೆದೆ. ಅವಳು ಮತ್ತೆ ಕೂಡಿಸಿದಳು, ನಾನು ಮತ್ತೆ ತೆಗೆದೆ. ಇಷ್ಟು ಕಲಿತ ಮಾಸ್ತರನಿಗೆ ಒಂದು ಮುಚ್ಚಳ ನೆಟ್ಟಗಿಡಲು ಬರುವುದಿಲ್ಲವೆಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಹೆಂಡತಿಗೆ ನಿಜ ಗೊತ್ತಿತ್ತು. ಅವಳೂ ಅತ್ತೆಯ ಮಾತಿಗೆ ಹೌದೆಂದಳು. ಅದನ್ನು ಅವಳು ಬಹಳ ಸಂತೋಷದಿಂದಲೇ ಹೇಳಿದಳು.

ಈಚೆಗೆ ದೊಡ್ಡವ್ವನ ವರ್ಷದ ತಿಥಿಗೆ ಹೋಗುವುದಿತ್ತು. ಅವ್ವ ಗಾಡಿಯಲ್ಲೇ ಬರುತ್ತೇನೆಂದಳು. ಹೊರಡುವ ಮುಂಜಾನೆ ನನ್ನನ್ನು ಕರೆದು ಅಂಗೈಯಲ್ಲಿ ಒಂದು ಬಿಲ್ಲೆ ಇಟ್ಟಳು. ಹಸಿರು ಬಟ್ಟೆ, ಅಂಚಿನಲ್ಲಿ ಕೆಂಪು. ದೊಡ್ಡವ್ವನ ಸೊಸೆ ನೆನಪಿಗೆಂದು ಅವ್ವನಿಗೆ ಕೊಟ್ಟಿದ್ದ ಅದೇ ಇಳಕಲ್ ಸೀರೆ.

"ಇದು ಅಕ್ಕನ ಸೀರೀದು. ಇದನ್ನ ಕಳೀಬ್ಯಾಡ ಯಪ್ಪಾ. ಆಕೀನೂ ಅಣ್ಣನ ಗಾಡ್ಯಾಗ ಕುಂತಂಗ ಆಕ್ಕೈತಿ."

ಕೂಡಿಸಿದರೆ ಗಾಡಿ ಬೇವಿನ ಮರದ ಬಳಿ ನಿಲ್ಲುತ್ತದೆ, ತೆಗೆದರೆ ದೊಡ್ಡವ್ವ ಎರಡನೆಯ ಸಲ ಕಟ್ಟೆಯ ಮೇಲೆ ಉಳಿಯುತ್ತಾಳೆ. ಕೌದಿ ಹೊಲಿಯುವ ದಬ್ಬಣ ತಂದು, ಗಾಡಿಯ ಹಿಂದೆ ಕುಕ್ಕುರುಗಾಲಿನಲ್ಲಿ ಕೂತು, ಬಿಲ್ಲೆಯ ನಟ್ಟನಡುವೆ ಒಂದು ತೂತು ಹೊಡೆದೆ. ಎಷ್ಟು ಸುಲಭದ ಕೆಲಸವಾಗಿತ್ತು ಅದು. ಸಿಂದಗಿ ದಾಟಿದೆವು, ಬಾಗೇವಾಡಿಯಲ್ಲಿ ತಿಥಿ ಮುಗಿಸಿಕೊಂಡು ಅದನ್ನೂ ದಾಟಿದೆವು, ಮುದ್ದೇಬಿಹಾಳದ ತವರಿನ ಓಣಿಯಲ್ಲಿ ಇಳಿದೆವು. ಅವ್ವ ಇಳಿದವಳೇ ಹಿಂದೆ ಹೋಗಿ ಟಾಕಿಯ ಮುಚ್ಚಳವನ್ನು ಮೆತ್ತಗೆ ಒಮ್ಮೆ ಮುಟ್ಟಿದಳು.

ಅವಳ ಕಣ್ಣು ಈಗ ಮಂಜಾಗಿದೆ, ತೂತು ಇನ್ನೂ ಕಂಡಿಲ್ಲ. ಆದರೂ ಪ್ರತಿ ಅಮಾವಾಸ್ಯೆಯ ಮರುದಿನ ಸಾಲಿಗೆ ಹೋಗುವ ಮುಂಚೆ ನಾನು ಮುಚ್ಚಳ ತೆಗೆದು ನೋಡುತ್ತೇನೆ. ಕಂಡ ದಿನ ಅವಳು ಅದನ್ನು ಹೊಲಿದು ಮುಚ್ಚಿರುತ್ತಾಳೆ.