ಒಂದನೇ ಇಯತ್ತೆಯವರ ಕರಾಟೆ ಕ್ಲಾಸು

ಸಣ್ಣ ಮಕ್ಕಳಿಗೆ ಕರಾಟೆ ಕಲಿಸಲು ಹೊರಟವನ ಮುಖದ ಮೇಲೆ ಗಾಂಭೀರ್ಯ ಬಹಳ ಹೊತ್ತು ನಿಲ್ಲುವುದಿಲ್ಲ. ಎಷ್ಟೇ ಬಿಗಿಯಾಗಿ ನಿಂತರೂ ಏನಾದರೊಂದು ಆಗಿಯೇ ತೀರುತ್ತಿತ್ತು. ಆಗ ಬೇಜಾರಾಗುತ್ತಿತ್ತು. ಈಗ ನೆನೆದರೆ ನಗು ಬರುತ್ತದೆ. ನಗು ಮುಗಿದ ಮೇಲೆ ಮತ್ತೆ ಅದೇ ಬೇಜಾರು.

ಹಿಡಕೊಂಡ್ರ ಸಾಕು

ಸೊಲ್ಲಾಪುರದಲ್ಲಿ ಕಾಲೇಜು ಓದುವಾಗ ಕರಾಟೆ ಕಲಿತು, ಬ್ಲ್ಯಾಕ್ ಬೆಲ್ಟ್ ಕಟ್ಟಿಕೊಂಡು ಬನಹಟ್ಟಿಗೆ ಮರಳಿದೆ. ಬಾಗಲಕೋಟೆ ಜಿಲ್ಲೆಯಾಗಿ ಒಂದಷ್ಟು ವರ್ಷ ಆಗಿತ್ತು. ಮನೆಯ ಪಾವರ್‌ಲೂಮ್ ಅಣ್ಣ ನೋಡಿಕೊಳ್ಳುತ್ತಿದ್ದ. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಮೊದಲು ಬನಹಟ್ಟಿ, ಆಮೇಲೆ ಜಮಖಂಡಿ, ಮುಧೋಳ, ಬೀಳಗಿಯಲ್ಲಿ ಒಂದೊಂದು ಶಾಖೆ. ರಾಜ್ಯಮಟ್ಟದಲ್ಲಿ ಗೆಲ್ಲುವ ಹುಡುಗರ ಒಂದು ಪಡೆ. ಕಲ್ಯಾಣ ಮಂಟಪವೊಂದರ ಹಿಂದಿನ ಬಯಲು ಕೇಳಿ ಪಡೆದು, ಗಟ್ಟಿಮುಟ್ಟಾದ ಕಾಲೇಜು ಹುಡುಗರ ದಾರಿ ಕಾಯುತ್ತ ನಿಂತೆ.

ಅವರೆಲ್ಲ ಒಂದೋ ಮಗ್ಗದ ಮುಂದಿದ್ದರು, ಇಲ್ಲ ಕ್ರಿಕೆಟ್ ಆಡುತ್ತಿದ್ದರು. ಬಂದವರು ಒಂದನೇ, ಎರಡನೇ ಇಯತ್ತೆಯವರು. ಬ್ಯಾಸಗಿ ಸೂಟಿ ಬಿಟ್ಟಿತ್ತು. ಕೆಲವರ ಕೈಯಲ್ಲಿ ಇನ್ನೂ ಅರ್ಧ ಬಿಸ್ಕೀಟು ಇತ್ತು.

ಆದದ್ದಾಗಲಿ ಎಂದು ಅವರ ತಾಯಂದಿರನ್ನೇ ಕೂರಿಸಿ ಶಿಸ್ತು, ಏಕಾಗ್ರತೆ, ಆತ್ಮರಕ್ಷಣೆ ಅಂತ ದೊಡ್ಡ ಭಾಷಣ ಮಾಡಿದೆ. ಒಬ್ಬ ತಾಯಿ ಪೂರ್ತಿ ಕೇಳಿ, ತಗ್ಗಿದ ದನಿಯಲ್ಲಿ ಅಂದಳು: "ಅಷ್ಟೆಲ್ಲಾ ತ್ರಾಸ ತಗೋಬ್ಯಾಡ್ರಿ ಸರ. ನಾ ರೊಟ್ಟಿ ಬಡದು ಮುಗಸೂತನಕ ಇವನ್ನ ಹಿಡಕೊಂಡ್ರ ಸಾಕು."

ಜಪಾನಿ ಲೆಕ್ಕ

ಕರಾಟೆಯಲ್ಲಿ ಎಣಿಸುವುದು ಜಪಾನಿ ಭಾಷೆಯಲ್ಲಿ. ಇಚಿ, ನಿ, ಸಾನ್, ಶಿ, ಗೋ ಅಂದರೆ ಒಂದರಿಂದ ಐದು. ಒಂದೊಂದು ಅಂಕಿಗೆ ಒಂದೊಂದು ಗುದ್ದು. ಎಣಿಕೆ ಬಿಟ್ಟರೆ ಅರ್ಧ ವಿದ್ಯೆ ಬಿಟ್ಟ ಹಾಗೆ ಎಂದು ಸೊಲ್ಲಾಪುರದ ನನ್ನ ಗುರುಗಳು ಹೇಳುತ್ತಿದ್ದರು.

"ಇಚಿ" ಎಂದು ಕೂಗಿದೆ. ಎಲ್ಲರೂ ಗುದ್ದಿದರು. "ನಿ" ಅಂದೆ. ಮುಂದಿನ ಸಾಲಿನ ಹುಡುಗ ಕೈ ನಿಲ್ಲಿಸಿ, "ನಾ ಏನ್ರಿ ಸರ?" ಎಂದು ಕೇಳಿದ. ನೀನಲ್ಲಪ್ಪಾ, ಎಲ್ಲರೂ ಎಂದು ತಿಳಿಸಿ ಹೇಳಿದೆ. "ಶಿ" ಅಂದಾಗ ಒಬ್ಬಳು ಗಾಬರಿಯಾಗಿ ಕಾಲೆತ್ತಿ ಏನು ತುಳಿದೆನೆಂದು ಅಂಗಾಲು ನೋಡಿಕೊಂಡಳು. "ಗೋ" ಅನ್ನುವುದೇ ತಡ, ಇಂಗ್ಲಿಷ್ ಮೀಡಿಯಮ್ಮಿನ ಇಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ಮನೆಗೆ ಓಡಿಬಿಟ್ಟರು.

ಬಹಳ ಪ್ರಯತ್ನಪಟ್ಟೆ. ಅತ್ತ ಮಗ್ಗಗಳ ಖಟಾಖಟ್ ಸದ್ದಿನಲ್ಲಿ ಬೇರೆ ಏನೂ ಸರಿಯಾಗಿ ಕೇಳುತ್ತಿರಲಿಲ್ಲ. ಸರ ನಮ್ಮ ಮೊಮ್ಮಗಳಿಗೆ ದಿನಾ ಶೀ ಶೀ ಅಂತಾರ ಎಂದು ಒಬ್ಬ ಅಜ್ಜಿ ತಕರಾರು ತಂದಳು. ಕಡೆಗೆ ಗುರುಗಳನ್ನು ಮನಸ್ಸಿನಲ್ಲೇ ನೆನೆದು, ಕ್ಷಮೆ ಕೇಳಿ, ಒಂದು, ಎರಡು ಎಂದು ಶುರು ಮಾಡಿದೆ. ಆ ದಿನ ಮನಸ್ಸು ಬಹಳ ಕೆಟ್ಟಿತು. ಮರುದಿನವೇ ಒಬ್ಬ ತಂದೆ ಬಂದು ನಿಂತ.

"ಜಪಾನಿ ವಿದ್ಯಾ ಅಂತ ಕಳಿಸಿದೆ ಸರ. ನೋಡಿದ್ರ ಹುಡುಗ ಮನ್ಯಾಗ ಒಂದ, ಎರಡ ಅನ್ನಾಕತ್ತಾನ. ಅದನ್ನ ಸಾಲ್ಯಾಗ ಪುಕಟ ಕಲಸ್ತಾರಲ್ರಿ."

ಬೆಳೆಯುವ ಮಕ್ಕಳು

ಮುಧೋಳದ ಒಂದು ಸಾಲಿಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ನಮ್ಮನ್ನು ಕರೆದರು. ಅಲ್ಲಿ ಚೆನ್ನಾಗಿ ಮಾಡಿ ತೋರಿಸಿದರೆ ಮುಧೋಳದ ಶಾಖೆ ಆದ ಹಾಗೆಯೇ ಎಂದು ನನ್ನ ಆಸೆ. ಬನಹಟ್ಟಿಯದೇ ಬಿಳಿ ಬಟ್ಟೆ ತಂದು, ಎಲ್ಲರಿಗೂ ಡ್ರೆಸ್ ಹೊಲಿಯಲು ನಮ್ಮ ಓಣಿಯ ಟೇಲರಿಗೆ ಕೊಟ್ಟೆ. ಅಳತೆಯನ್ನೂ ನಾನೇ ನಿಂತು ತೆಗೆಸಿದ್ದೆ.

ನಾನು ಆ ಕಡೆ ಹೋದ ಕೂಡಲೇ ತಾಯಂದಿರು ಒಬ್ಬೊಬ್ಬರಾಗಿ ಅಂಗಡಿಗೆ ಹೋಗಿ, ಬೆಳೆಯೋ ಮಕ್ಕಳು, ನಾಲ್ಕು ವರ್ಷ ಬರುವಂತೆ ಹೊಲಿ ಎಂದು ಹೇಳಿ ಬಂದಿದ್ದರಂತೆ. ಡ್ರೆಸ್ ಕೈಗೆ ಬಂದದ್ದು ಹೊರಡುವ ದಿನ. ತೋಳುಗಳನ್ನು ಮಡಚಿ ಮಡಚಿ ಮೊಣಕೈ ತನಕ ಏರಿಸಿ ಸ್ಟೇಜ್ ಹತ್ತಿಸಿದೆ.

ಮೊದಲ ಗುದ್ದಿಗೇ ಎಲ್ಲರ ಮಡಿಕೆಗಳೂ ಒಟ್ಟಿಗೇ ಬಿಚ್ಚಿಕೊಂಡವು. ಆಮೇಲೆ ಸ್ಟೇಜಿನ ಮೇಲೆ ಕೈಗಳೇ ಕಾಣಲಿಲ್ಲ. ಖಾಲಿ ತೋಳುಗಳು ಮಾತ್ರ ಪಟಪಟ ಬಡಿದುಕೊಳ್ಳುತ್ತಿದ್ದವು. ಪಾಪ, ಮಕ್ಕಳು ಒಂದು ಹೆಜ್ಜೆಯನ್ನೂ ತಪ್ಪಿಸಲಿಲ್ಲ. ಅಷ್ಟು ಚೆಂದ ಅವರು ಮತ್ತೆಂದೂ ಮಾಡಲೂ ಇಲ್ಲ. ಜನ ನಕ್ಕು ನಕ್ಕು ಅದನ್ನು ನೋಡಲೇ ಇಲ್ಲ.

ಮುಧೋಳದ ಶಾಖೆ ಅಲ್ಲಿಗೇ ಮುಗಿಯಿತು. ಮುಖ್ಯ ಅತಿಥಿಗಳೊಬ್ಬರು ಮಾತ್ರ ಮೈಕಿನಲ್ಲಿ ಮನಸಾರೆ ಹೊಗಳಿದರು: "ಈ ಕರಾಟೇದಾಗ ಹೊಡಿಯೋ ಕೈ ಎಲ್ಲಿಂದ ಬರತೈತಿ ಅನ್ನೋದ ಎದುರಿನವಗ ತಿಳಿಯೂದಿಲ್ಲ. ಅದು ಭಾಳ ಛಲೋ ಐಡಿಯಾ ಐತಿ."

ಕಾಲಿಗೆ ಬಿದ್ದಾಕಿ

ನನ್ನ ಕೈಯಲ್ಲಿ ಕಲಿತವರಲ್ಲಿ ನಿಜವಾದ ಕರಾಟೆ ಇದ್ದದ್ದು ಒಬ್ಬಳಲ್ಲಿ. ಹುನ್ನೂರಿನ ಹುಡುಗಿ, ಕುರಿ ಸಾಕುವ ಮನೆಯವಳು. ಓದಲಿಕ್ಕೆಂದು ಬನಹಟ್ಟಿಯ ಸೋದರಮಾವನ ಮನೆಯಲ್ಲಿದ್ದಳು. ನೆಲಕ್ಕೆ ಕಾಲೂರಿ ನಿಂತಳೆಂದರೆ ನಾನು ದೂಡಿದರೂ ಅಲುಗುತ್ತಿರಲಿಲ್ಲ. ಬೆಳಗಾವಿಯ ಪಂದ್ಯಕ್ಕೆ ಅವಳನ್ನು ಕರೆದೊಯ್ಯಬೇಕೆಂದು ಕೇಳಿದಾಗ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅವಳ ಅಜ್ಜ ಬಂದ. ಹೆಣ್ಣುಮಗು, ಒಪ್ಪುವುದಿಲ್ಲವೆಂದು ನಾನು ಹೆದರಿದ್ದೆ. ಅವನು ಮೊಮ್ಮಗಳು ಒದೆಯುವುದನ್ನು ನೋಡಿ ಮೀಸೆಯಲ್ಲೇ ನಕ್ಕ. ಬೀರಪ್ಪ ದೇವರ ಭಂಡಾರದ ಅರಿಷಿಣ ಅವಳ ಹಣೆಗೆ ಹಚ್ಚಿ, "ದೊಡ್ಡವ್ರ ಮುಂದ ತಲಿ ತಗ್ಗಿಸಿ ನಡಿಯವ್ವಾ" ಅಂದ. ಅಷ್ಟೇ.

ಬೆಳಗಾವಿಯಲ್ಲಿ ಮೊದಲ ಎರಡು ಸುತ್ತು ಲೀಲಾಜಾಲವಾಗಿ ಗೆದ್ದಳು. ಫೈನಲ್ಲಿನಲ್ಲಿ ಎದುರಿಗೆ ಬಂದವಳು ಇವಳಿಗಿಂತ ಒಂದು ಗೇಣು ಎತ್ತರ. ರೆಫರಿ ಇಬ್ಬರಿಗೂ ಬಾಗಿ ನಮಸ್ಕರಿಸಲು ಹೇಳಿದ. ಆ ಹುಡುಗಿ ಸೊಂಟ ಬಾಗಿಸಿದಳು. ನಮ್ಮವಳು ನೇರ ಹೋಗಿ ಅವಳ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಎದುರಿನವಳು ಏನು ಮಾಡಬೇಕೆಂದು ತೋಚದೆ ಇವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದಳು.

ಆಮೇಲೆ ನಮ್ಮವಳ ಕೈ ಮೇಲೇಳಲೇ ಇಲ್ಲ. ಸೋತು ಬಂದವಳನ್ನು ಯಾಕವ್ವಾ ಹೀಗೆ ಮಾಡಿದಿ ಎಂದು ಕೇಳಿದೆ.

"ಆಶೀರ್ವಾದ ಮಾಡಿದ ಅಕ್ಕಾಗ ಹೆಂಗ ಒದೀಲಿರಿ ಸರ?"

ಮುಂದಿನ ವರ್ಷ ಅವಳು ಹುನ್ನೂರಿನ ಸಾಲಿಗೇ ಹೊರಟುಹೋದಳು. ಅಂಥವಳು ಮತ್ತೊಬ್ಬಳು ಸಿಗಲಿಲ್ಲ. ಆ ಪಂದ್ಯ ಗೆದ್ದಿದ್ದರೆ ಮನೆಯವರು ಅವಳನ್ನು ಇಲ್ಲೇ ಉಳಿಸುತ್ತಿದ್ದರೇನೋ ಎಂದು ಈಗಲೂ ಅನಿಸುತ್ತದೆ.

ಕಡೇ ದಿನ

ಆಮೇಲೆ ಬೆಳಗಿನ ಹೊತ್ತನ್ನು ಟ್ಯೂಶನ್ನಿನವರು ಹಿಡಿದುಕೊಂಡರು. ಮಕ್ಕಳು ಒಬ್ಬೊಬ್ಬರೇ ಬಿಟ್ಟರು. ಒಂದು ದಿನ ಬಯಲಿಗೆ ಬಂದದ್ದು ಒಬ್ಬನೇ ಹುಡುಗ, ಒಂದನೇ ಇಯತ್ತೆಯವನು. ಆಗಷ್ಟೇ ಸೇರಿದ್ದ. ಜೋರಾಗಿ ಮಾತಾಡಿದರೂ ಅಳುವ ಜಾತಿ.

ಮರುದಿನದಿಂದ ಕ್ಲಾಸ್ ಬಂದ್ ಮಾಡುವುದೆಂದು ನಾನು ಮೊದಲೇ ನಿರ್ಧರಿಸಿದ್ದೆ. ಅವನಿಗಾದರೂ ಖುಷಿಯಾಗಲೆಂದು, "ಇವತ್ತ ನನ್ನ ಜೋಡಿ ಆಡು, ಧೈರ್ಯಲೆ ಒದಿ" ಅಂದೆ. ಅವನು ಕಣ್ಣು ಮುಚ್ಚಿಕೊಂಡು ತಯಾರಾದ. ಅಷ್ಟರಲ್ಲಿ ಖಾಲಿ ಬಯಲಿನ ಕಡೆ ನನ್ನ ನೋಟ ಹೋಗಿ, ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲೆಂದು ಕೈ ಎತ್ತಿದೆ. ಅದೇ ಹೊತ್ತಿಗೆ ಅವನ ಕಾಲು ನನ್ನ ಮೊಣಕಾಲ ಚಿಪ್ಪಿಗೆ ಬಡಿಯಿತು. ಕುಕ್ಕರಿಸಿಬಿಟ್ಟೆ. ಹುಡುಗ ಕಣ್ಣು ಬಿಟ್ಟು ನೋಡಿದ. ಸರ ನೆಲದ ಮೇಲೆ ಕೂತು ಅಳುತ್ತಿದ್ದಾರೆ. ಹೆದರಿ ಮನೆಗೆ ಓಡಿಹೋಗಿ ಅಷ್ಟನ್ನೂ ಹೇಳಿದ.

ಮರುದಿನ ನಾನು ಕುಂಟುತ್ತ ಬಂದು ಕ್ಲಾಸಿನ ಬೋರ್ಡು ಇಳಿಸಿದ್ದನ್ನು ಓಣಿಯೆಲ್ಲ ನೋಡಿತು. ಎರಡನ್ನೂ ಕೂಡಿಸಿ ಊರು ತನ್ನದೇ ಕತೆ ಕಟ್ಟಿತು.

ಮೊದಮೊದಲು ಎಲ್ಲರಿಗೂ ಖರೆ ಹೇಳುತ್ತಿದ್ದೆ. ಹಂಗಲ್ರಿ, ಮಕ್ಕಳು ಬರೂದು ಬಿಟ್ರು, ಅದಕ್ಕ ಬಂದ್ ಮಾಡಿದೆ ಅಂತ. ಕೇಳಿದವರ ಮುಖ ಸಣ್ಣದಾಗುತ್ತಿತ್ತು. ಪಾಪ ಅನ್ನುತ್ತಿದ್ದರು. ಮೊಣಕಾಲಿನ ನೋವು ಬೇಗ ಹೋಯಿತು, ಆ ಪಾಪ ಅನ್ನುವುದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ವರ್ಷ ಕಳೆದ ಮೇಲೆ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ನೂಲಿನ ವ್ಯಾಪಾರಿಯೊಬ್ಬರು ನನ್ನನ್ನು ದಿಟ್ಟಿಸಿ ನೋಡಿ ಹತ್ತಿರ ಬಂದರು. "ಬನಹಟ್ಟಿ ಕರಾಟೆ ಸರ ಅಲ್ರಿ ನೀವು? ಒಂದನೇ ಇಯತ್ತೆ ಹುಡುಗ ಹೊಡದನಂತ ಕ್ಲಾಸ್ ಬಂದ್ ಮಾಡಿದ್ರಂತ. ಖರೆ ಏನ್ರಿ?"

ನಾನು ಹೇಳಿದೆ: "ಖರೇನ ಐತ್ರಿ. ಅಂವಗ ಭಾಳ ಛಲೋ ಕಲಿಸಿದ್ದೆ."