ಒಪ್ಪದವರ ಮನೆ ಹುಡುಕಿಕೊಂಡು ಹೋಗುವ ಕಾಕಾ

ನಮ್ಮ ಕಾಕಾನ ಮಾತನ್ನು ನೀವು ಒಪ್ಪದಿದ್ದರೆ ಏನೂ ಆಗುವುದಿಲ್ಲ. ಅವರು ಸಿಟ್ಟಾಗುವುದಿಲ್ಲ, ಜಗಳ ತೆಗೆಯುವುದಿಲ್ಲ, ಮಾತು ಬಿಡುವುದಿಲ್ಲ. ನಿಮ್ಮ ಮನೆಗೆ ಬರುತ್ತಾರೆ, ಅಷ್ಟೇ. ಅದೂ ಸರಿಯಾಗಿ ಊಟದ ಹೊತ್ತಿಗೆ!

ಮೂವತ್ತು ವರ್ಷ ಸರಕಾರಿ ಬಸ್ಸಿನ ಸ್ಟಿಯರಿಂಗ್ ಹಿಡಿದು ಕುಷ್ಟಗಿಯಿಂದ ಕೊಪ್ಪಳ, ಗಂಗಾವತಿ, ಯಲಬುರ್ಗಾ ಎಂದು ಸುತ್ತಿದ ಮನುಷ್ಯ. ನಿವೃತ್ತರಾದ ಮೇಲೆ ಬಸ್ಸು ಹೋಯಿತು, ಸುತ್ತಾಟ ಉಳಿಯಿತು. ಈಗ ಅವರ ಹತ್ತಿರ ಒಂದು ಹಳೆಯ ಬೈಕು ಇದೆ. ಭಿನ್ನಾಭಿಪ್ರಾಯವೆಂಬುದು ಮುಖ ನೋಡದೆ ಮಾತಾಡುವುದರಿಂದ ಬರುವ ಕಾಯಿಲೆ ಎಂಬ ನಂಬಿಕೆಯೂ ಇದೆ. ಒಮ್ಮೆ ಗಂಗಾವತಿಯ ಯಾರೋ ಪುಣ್ಯಾತ್ಮ ವಾಟ್ಸಾಪ್ ಗುಂಪಿನಲ್ಲಿ ಕುಷ್ಟಗಿಯ ಮಿರ್ಚಿ ಭಜಿಗೆ ಖಾರವೇ ಇಲ್ಲವೆಂದು ಬರೆದ. ಮರುದಿನ ಮಧ್ಯಾಹ್ನ ಕಾಕಾ ಮಿರ್ಚಿಯ ಪೊಟ್ಟಣ ಕಟ್ಟಿಸಿಕೊಂಡು ಅವನ ಬಾಗಿಲಲ್ಲಿ ನಿಂತಿದ್ದರು. ಅವನು ಎರಡು ತಿಂದು, ಕಣ್ಣೀರು ಸುರಿಸಿ, ತಪ್ಪಾಯಿತು ಎಂದ. ಕಣ್ಣೀರು ಪಶ್ಚಾತ್ತಾಪದ್ದೋ ಮೆಣಸಿನಕಾಯಿಯದೋ ಎಂದು ಕಾಕಾ ವಿಚಾರಿಸಲು ಹೋಗಲಿಲ್ಲ. ಗೆಲುವು ಗೆಲುವೇ ತಾನೆ?

ಇಂಥವರ ಮನೆತನದಲ್ಲಿ, ಕೇಳಿದವರನ್ನೆಲ್ಲ ಎರಡು ಪಂಗಡ ಮಾಡುವ ದನಿಯ ಹುಡುಗಿಯೊಬ್ಬಳು ಹುಟ್ಟಿದರೆ ಹೇಗಿರಬೇಡ?

ಆ ಹುಡುಗಿ ನನ್ನ ಮಗಳೇ. ಹೆಸರು ಸ್ಫೂರ್ತಿ, ವಯಸ್ಸು ಹತ್ತು. ಎರಡು ವರ್ಷದಿಂದ ನಮ್ಮೂರಿನ ಸಂಗೀತ ಮಾಸ್ತರರ ಹತ್ತಿರ ಹಿಂದೂಸ್ತಾನಿ ಕಲಿಯುತ್ತಿದ್ದಳು. ಒಂದು ರಜೆಯಲ್ಲಿ ನನ್ನ ಫೋನಿನಲ್ಲಿ ಯಾವುದೋ ದೇಶದ, ತನ್ನದೇ ವಯಸ್ಸಿನ ಹುಡುಗಿ ಒಪೆರಾ ಹಾಡುವುದನ್ನು ನೋಡಿದಳು. ಒಪೆರಾ ಎಂದರೆ ಪಶ್ಚಿಮದವರ ಸಂಗೀತ ನಾಟಕ. ಅದರಲ್ಲಿ ಎಲ್ಲಕ್ಕಿಂತ ಎತ್ತರದ ಹೆಣ್ಣು ದನಿಗೆ ಸೊಪ್ರಾನೊ ಎನ್ನುತ್ತಾರಂತೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳೂ ಅವಳೇ. ನೋಡಿದ್ದೇ ತಡ, ಇವಳ ಗಂಟಲಿನಲ್ಲಿ ಇನ್ನೊಂದು ಅಂತಸ್ತು ಇದ್ದದ್ದು ಪತ್ತೆಯಾಯಿತು. ಮಾಸ್ತರರು ಕಲಿಸಿದ ಭೂಪ ರಾಗದಲ್ಲಿ ಸಾವಕಾಶ ನೆಲದ ಮೇಲೆ ನಡೆಯುತ್ತಿದ್ದವಳು ನಡುವೆಯೇ ಸರ್ರನೆ ಮಾಳಿಗೆ ಏರಿ, ಅಲ್ಲಿಂದ ಗಾಳಿಪಟದ ಹಾಗೆ ಇನ್ನೂ ಮೇಲೆ ಹೋಗಿಬಿಡುತ್ತಿದ್ದಳು.

ಮೊದಲ ಸಲ ಇದು ನಡೆದದ್ದು ಬಚ್ಚಲುಮನೆಯಲ್ಲಿ. ಆಗ ನಮ್ಮವ್ವ ಅಡುಗೆಮನೆಯಲ್ಲಿ ಅನ್ನದ ಕುಕ್ಕರಿಟ್ಟು ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಮೂರು ಸೀಟಿ ಎಣಿಸಿ, ಎದ್ದು ಹೋಗಿ ಗ್ಯಾಸ್ ಆರಿಸಿದಳು. ಊಟಕ್ಕೆ ಕೂತಾಗ ಅಕ್ಕಿ ಅಕ್ಕಿಯಾಗಿಯೇ ತಾಟಿನ ತುಂಬ ಉರುಳಾಡಿತು.

"ಮೂರು ಸೀಟಿ ಆಗ್ಯಾವಪಾ, ನಾನಽ ಎಣಿಸೀನಿ" ಎಂದಳು ಅವ್ವ.

ಅಂದು ನಮ್ಮಲ್ಲೇ ಊಟಕ್ಕಿದ್ದ ಕಾಕಾ ಒಂದು ಅಗುಳನ್ನು ಕಟುಮ್ಮನೆ ಕಡಿದು ಅತ್ತಿಗೆಗೆ ಹೇಳಿದರು, "ವೈನಿ, ಅದರಾಗ ಕುಕ್ಕರಿಂದು ಒಂದೂ ಇಲ್ಲ. ಮೂರೂ ನಮ್ಮ ಸ್ಫೂರ್ತಿವು."

ಅವತ್ತಿನಿಂದ ಕಾಕಾ ಅವಳ ಪಕ್ಷ. "ಎಲ್ಲಾರೂ ನಾಕನೇ ಗೇರಿನಾಗ ಹಾಡಿ ಮುಗಿಸ್ತಾರ. ನಮ್ಮ ಹುಡುಗಿ ಐದನೇದು ಹಾಕ್ತಾಳ" ಎಂದು ಬಸ್ ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ಬಂದರು.

ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಸ್ಫೂರ್ತಿ ಒಂದು ವಚನವನ್ನು ಭೂಪದಲ್ಲಿ ಶುರುಮಾಡಿ ಒಪೆರಾದಲ್ಲಿ ಮುಗಿಸಿದಳು. ಮುಂದಿನ ಸಾಲಿನಲ್ಲಿ ಅಳುತ್ತಿದ್ದ ಒಂದು ಕೂಸು ಥಟ್ಟನೆ ಸುಮ್ಮನಾಯಿತು. ಹಿಂದಿನ ಸಾಲಿನಲ್ಲಿ ಮಲಗಿದ್ದ ಇನ್ನೊಂದು ಕೂಸು ಎದ್ದು ಅಳತೊಡಗಿತು. ಜನಾಭಿಪ್ರಾಯ ಅಲ್ಲಿಂದಲೇ ಎರಡಾಯಿತು! ಯಾರೋ ವಿಡಿಯೊ ಮಾಡಿ ಹರಿಬಿಟ್ಟರು. ಯಲಬುರ್ಗಾದ ಒಬ್ಬಾಕೆ ಮೈ ಜುಮ್ಮೆಂದಿತು, ಸರಸ್ವತಿಯೇ ಬಂದ ಹಾಗಾಯಿತು ಎಂದು ಬರೆದಳು. ಕೊಪ್ಪಳದ ಒಬ್ಬರು ವಚನ ಏನು ಪಾಪ ಮಾಡಿತ್ತು ಎಂದು ಕೇಳಿದರು. ಹಿಟ್ಟಿನ ಗಿರಣಿಯ ಬೆಲ್ಟು ಜಾರಿದಾಗ ಇದೇ ಸಪ್ಪಳ ಬರುತ್ತದೆ ಎಂದು ಕನಕಗಿರಿಯಿಂದ ಒಬ್ಬ ಅನುಭವಸ್ಥನ ಅಂಬೋಣ. ತಾವರಗೇರಾದ ಒಬ್ಬ ಟೇಲರ್ ಎರಡೇ ಪದ ಬರೆದಿದ್ದರು: "ಕಿವಿ ತೂತಾತು."

ಕಾಕಾ ಕನ್ನಡಕ ಏರಿಸಿ ಎಲ್ಲವನ್ನೂ ಓದಿದರು. ಆಮೇಲೆ ಬೈಕಿನ ಕೀಲಿ ಹುಡುಕಿದರು.

ತಾವರಗೇರಾಕ್ಕೆ ಸಾಕ್ಷಿಗಿರಲಿ ಎಂದು ನನ್ನನ್ನೂ ಹಿಂದೆ ಕೂರಿಸಿಕೊಂಡು ಹೋದರು. ಆ ಟೇಲರ್ ಖಾಸಿಂಸಾಬರು ಅಂಗಡಿಯಲ್ಲಿ ಕೊರಳಿಗೆ ಟೇಪು ಹಾಕಿಕೊಂಡು ಮಷಿನ್ ತುಳಿಯುತ್ತಿದ್ದರು.

"ಕಿವಿ ತೂತಾತು ಅಂತ ಬರದವರು ನೀವಽ ಏನ್ರಿ?" ಎಂದರು ಕಾಕಾ.

"ಹೌದ್ರಿ, ನಾನಽ."

"ತೋರಸ್ರಿ."

ಖಾಸಿಂಸಾಬರು ಮಷಿನ್ ನಿಲ್ಲಿಸಿ ಒಂದು ಗಳಿಗೆ ಯೋಚಿಸಿದರು. ಆಮೇಲೆ ನಿಜಕ್ಕೂ ಕಿವಿ ತಿರುಗಿಸಿ ತೋರಿಸಿದರು! ಕಾಕಾ ಫೋನಿನ ಬೆಳಕು ಬಿಟ್ಟು ಒಳಗೆಲ್ಲ ನೋಡಿ, "ಇದು ಹುಟ್ಟಿದಾಗಿಂದ ಇರೂ ತೂತು. ನಮ್ಮ ಹುಡುಗಿ ಮಾಡಿದ್ದಲ್ಲ" ಎಂದು ತೀರ್ಪು ಕೊಟ್ಟರು.

ಖಾಸಿಂಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚಹಾ ತರಿಸಿದರು. ವಿಡಿಯೊ ಮತ್ತೊಮ್ಮೆ ಹಚ್ಚಿ, ಕಣ್ಣು ಮುಚ್ಚಿ, ಕೊನೆಯ ತನಕ ಕೇಳಿದರು. ಕಾಕಾ ಬಸ್ಸಿನ ಮೀಟರ್ ನೋಡುವಂತೆ ಅವರ ಮುಖವನ್ನೇ ನೋಡುತ್ತಿದ್ದರು.

"ನೋಡ್ರಿ ಸಾಹೇಬ್ರ, ಕೂಸು ಭಾಳ ಮೆಹನತ್ ಮಾಡೇತಿ. ಆದ್ರ ನನಗ ಹಾಡಂದ್ರ ಎದಿಯೊಳಗ ಇಳೀಬೇಕ್ರಿ. ಇದು ತಲಿ ಮ್ಯಾಲಿಂದ ಹಾರಿ ಹೋಗತೈತಿ. ಸುಳ್ಳು ಯಾಕ ಹೇಳ್ಲಿ? ಹಂಗ ಬರೀಬಾರದಿತ್ತು, ಅಳಿಸಿಬಿಡ್ತೀನಿ" ಎಂದರು.

ನಾವು ಮನೆಗೆ ಬಂದೆವು. ಅವ್ವ ಬಾಗಿಲಲ್ಲೇ ಕೇಳಿದಳು, "ಒಪ್ಪಿದನೇನಪಾ?"

"ಇಲ್ಲ ವೈನಿ" ಎಂದರು ಕಾಕಾ. "ಒಂದು ಶರ್ಟಿಗೆ ಅಳತಿ ಕೊಟ್ಟು ಬಂದೆ."

ಆದರೆ ವಿಡಿಯೊ ಸಂಗೀತ ಮಾಸ್ತರರನ್ನೂ ತಲುಪಬೇಕೇ? ಅವರು ಫೋನು ಮುಟ್ಟದವರು. ಯಾರೋ ಶಿಷ್ಯ ತೋರಿಸಿದ್ದ. ನನ್ನನ್ನೂ ಸ್ಫೂರ್ತಿಯನ್ನೂ ಕರೆಸಿದರು. ಕಾಕಾ ಕರೆಯದೆಯೇ ಬಂದರು.

"ಭೂಪದಾಗ ಐದಽ ಸ್ವರ" ಎಂದರು ಮಾಸ್ತರರು. "ಇಕಿ ಎಷ್ಟು ಹಚ್ಯಾಳ ಅಂತ ನನಗ ಎಣಸಾಕಽ ಆಗ್ಲಿಲ್ಲ."

"ಐದರ ಜಾಗಾದಾಗ ಹತ್ತು ಕೂತ್ರ ಏನಾತ್ರಿ? ನಾ ಐವತ್ತು ಸೀಟಿನ ಬಸ್ಸಿನಾಗ ನೂರು ಮಂದಿ ಒಯ್ದೀನಿ" ಎಂದರು ಕಾಕಾ.

"ನಿಮ್ಮ ಮಂದಿ ತಮ್ಮೂರು ಬಂದ್ರ ಇಳದು ಹೋಗ್ತಾರ್ರಿ. ರಾಗದಾಗ ಹತ್ತಿದ ಸ್ವರ ಇಳಿಯೂದಿಲ್ಲ."

ಕಾಕಾ ಬಾಯಿ ತೆರೆದರು. ಮಾಸ್ತರರು ಕೈ ಎತ್ತಿ ತಡೆದರು. ಅವರ ದನಿ ಈಗ ಮೆತ್ತಗಾಗಿತ್ತು. "ರಾಗದ್ದು ಬಿಡ್ರಿ, ಅದು ನಾಳೆ ಸರಿ ಹೋದೀತು. ಹತ್ತು ವರ್ಷದ ಕೂಸಿನ ಗಂಟಲಾ ಕೆಟ್ಟರ ಏನ್ ಮಾಡ್ತೀರಿ? ಇಷ್ಟು ಮಂದಿ ಛಲೋ ಅಂದ್ರಿ, ಕೆಟ್ಟ ಅಂದ್ರಿ. ಇದನ್ನ ಯಾರರ ವಿಚಾರ ಮಾಡೀರೇನು?"

ಯಾರೂ ಮಾಡಿರಲಿಲ್ಲ. ನಾನು ಚಾಪೆಯ ಅಂಚು ನೋಡಿದೆ.

ಅಂದಿನಿಂದ ಸ್ಫೂರ್ತಿ ಹಾಡುವುದನ್ನೇ ಬಿಟ್ಟಳು. ಮೇಲಿನದೂ ಇಲ್ಲ, ಕೆಳಗಿನದೂ ಇಲ್ಲ. ಮನೆಯಲ್ಲಿ ಅನ್ನ ಹದವಾಗಿ ಬೆಂದಿತು, ಯಾರಿಗೂ ರುಚಿಸಲಿಲ್ಲ. ಕಾಕಾ ಅವಳನ್ನು ಕೊಪ್ಪಳಕ್ಕೆ ಗಂಟಲಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಗಂಟಲು ಚೆನ್ನಾಗಿದೆ, ಜಗ್ಗಾಡದೆ ಹಾಡಲಿ, ನಡುನಡುವೆ ವಿಶ್ರಾಂತಿ ಇರಲಿ ಎಂದರು ಡಾಕ್ಟರು. ಕಾಕಾ ಅದನ್ನು ಅವರಿಂದ ಬರೆಸಿಕೊಂಡು ನೇರ ಮಾಸ್ತರರ ಮನೆಗೆ ಒಯ್ದರು. ಮಾಸ್ತರರು ಚೀಟಿಯನ್ನು ಎರಡು ಸಲ ಓದಿ, "ಹಂಗಾರ ಕಳಿಸ್ರಿ. ಮ್ಯಾಲಿಂದು ದಿನಾ ಸ್ವಲ್ಪ ಹಾಡ್ಲಿ. ನನ್ನ ಭೂಪದಾಗ ಮಾತ್ರ ಕಲಸಬ್ಯಾಡ ಅನ್ರಿ" ಎಂದರಂತೆ.

ಇಷ್ಟಾದರೂ ಸ್ಫೂರ್ತಿ ಬಾಯಿ ಬಿಡಲಿಲ್ಲ. ಕಾರಣ ಆಮೇಲೆ ತಿಳಿಯಿತು. ನನ್ನ ಫೋನಿನಲ್ಲಿ ಅವಳು ಎಲ್ಲರ ಮಾತನ್ನೂ ಓದಿದ್ದಳು. ಹೊಗಳಿದ್ದು ಒಂದೂ ನೆನಪಿರಲಿಲ್ಲ. ಗಿರಣಿಯ ಬೆಲ್ಟು ಬಾಯಿಪಾಠವಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ನಾನು ಒಳಗೆ ಚಹಾ ಕುಡಿಯುತ್ತಿದ್ದೆ. ಪಡಸಾಲೆಯಲ್ಲಿ ಕಾಕಾ, ಸ್ಫೂರ್ತಿ ಇಬ್ಬರೇ; ಅವಳಿಗೆ ಅವರು ಅಜ್ಜ.

"ಅಜ್ಜಾ, ಖರೇ ಹೇಳ್ರಿ. ನನ್ನ ಹಾಡು ನಿಮಗ ಸೇರ್ತೈತೇನು?"

ನಾನು ಚಹಾದ ಬಸಿ ಹಿಡಿದುಕೊಂಡು ಒಳಗಿಂದಲೇ ಕಿವಿಗೊಟ್ಟೆ.

"ಇಲ್ಲವ್ವಾ" ಎಂದರು ಕಾಕಾ. "ನೀ ಮ್ಯಾಲ ಹೋದ್ರ ನನ್ನ ಹಲ್ಲು ಜುಮ್ಮಂತಾವ."

ಚಹಾ ನನ್ನ ನೆತ್ತಿಗೇರಿತು! ಹಾಗಾದರೆ ಈ ಮನುಷ್ಯ ಬಿಸಿಲಲ್ಲಿ ಊರೂರು ಅಲೆದದ್ದು, ಕಂಡವರ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದ್ದು ಯಾತಕ್ಕೆ? ಸ್ಫೂರ್ತಿಗೂ ಅದೇ ಅನುಮಾನ.

"ಹಂಗಾರ ಮಂದಿ ಮನಿಗೆಲ್ಲ ಯಾಕ ಹೋದ್ರಿ?"

"ನನಗ ಹಾಡು ತಿಳಿಯೂದಿಲ್ಲ ತಂಗಿ. ಮುಖಾ ಮಾರಿ ತಿಳೀತಾವ. ಮೂವತ್ತು ವರ್ಷ ಕನ್ನಡಿಯೊಳಗ ಬಸ್ಸಿನ ಮಂದಿ ಮಾರಿ ನೋಡ್ಕೋಂತ ಬಂದೀನಿ. ಹಾಡೂವಾಗ ನಿನ್ನ ಮಾರಿ ಹೆಂಗ ಇರತೈತಲ್ಲ, ಅಂಥಾ ಖುಷಿ ಮಾರಿ ಒಂದೂ ನೋಡಿಲ್ಲ. ಅದನ್ನ ಯಾರೂ ಕಸಗೋಬಾರದು ಅಂತ ಹೋದೆ."

ಸ್ಫೂರ್ತಿ ಹೇಳಿದಳು, "ಹಂಗಾರ ಕಿವಿ ಮುಚ್ಚಿಕೊಂಡು ಬರೇ ನೋಡ್ರಿ."

ನಾನು ಬಾಗಿಲಿಗೆ ಬಂದೆ. ಕಾಕಾ ಶಾಲೆಯ ಹುಡುಗನಂತೆ ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡು ನೆಟ್ಟಗೆ ಕೂತಿದ್ದರು. ಎದುರಿಗೆ ನಿಂತ ಸ್ಫೂರ್ತಿ ಕೆಳಗಿನಿಂದ, ಅಂಜುತ್ತ ಅಂಜುತ್ತ ಶುರುಮಾಡಿ, ಒಂದೊಂದೇ ಮೆಟ್ಟಿಲು ಹತ್ತಿದಳು. ಅವಳು ತುದಿಯ ಸ್ವರ ಮುಟ್ಟುವ ಹೊತ್ತಿಗೆ ಕಾಕಾನ ಕೈಗಳು ಜಾರಿ ತೊಡೆಯ ಮೇಲೆ ಬಿದ್ದಿದ್ದವು. ಹಲ್ಲು ಕಚ್ಚಿಕೊಂಡೇ ಕೂತಿದ್ದರು. ಕಣ್ಣು ಮಾತ್ರ ಅವಳ ಮುಖ ಬಿಟ್ಟು ಕದಲಲಿಲ್ಲ.